ಕಾಡೆಮ್ಮೆಗೆ ಜೂಲ್ ಲೆಕ್ಕ ಗೊತ್ತಿಲ್ಲ

ಸಿನಿಮಾದಲ್ಲಿ ದೊಡ್ಡ ಕೋವಿ ಹಾರಿದರೆ ಎದುರಿಗಿದ್ದವನು ನಾಲ್ಕು ಅಡಿ ಹಿಂದಕ್ಕೆ ಹೋಗಿ ಬೀಳುತ್ತಾನೆ. ಅದನ್ನು ನೋಡಿ ನೋಡಿ ನಮ್ಮ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಆನೆ, ಕಾಡೆಮ್ಮೆಯಂಥ ಪ್ರಾಣಿಗೆ ದೊಡ್ಡ ರೈಫಲ್ ಬೇಕಾಗುವುದು, ದೊಡ್ಡ ಗುಂಡು ಅದನ್ನು ಗುದ್ದಿ ಕೆಡವುತ್ತದೆ ಅನ್ನುವ ಕಾರಣಕ್ಕೆ ಅಂತ. ರೈಫಲ್ ಬೇಕು ನಿಜ. ಕಾರಣ ಮಾತ್ರ ಪೂರ್ತಿ ತಪ್ಪು.

ಲೆಕ್ಕ ಹಾಕಿ ನೋಡೋಣ. .470 ನೈಟ್ರೋ ಎಕ್ಸ್‌ಪ್ರೆಸ್ ಎಂಬ ತೋಟಾ (ಹೆಸರಿನ ಮೊದಲ ಅಂಕಿ ಗುಂಡಿನ ದಪ್ಪ, ಹೆಚ್ಚುಕಡಿಮೆ ಇಂಚಿನಲ್ಲಿ) ಆಫ್ರಿಕಾದ ಬೇಟೆಯಲ್ಲಿ ದೊಡ್ಡ ಹೆಸರು. ಅದರ ಗುಂಡು ಸುಮಾರು 32 ಗ್ರಾಂ ತೂಗುತ್ತದೆ. ನಳಿಗೆ ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 655 ಮೀಟರ್. ತೂಕವನ್ನು ವೇಗದಿಂದ ಗುಣಿಸಿದರೆ ಸಂವೇಗ ಸಿಗುತ್ತದೆ, ಕೆಜಿ, ಮೀಟರ್, ಸೆಕೆಂಡಿನ ಲೆಕ್ಕದಲ್ಲಿ ಇಲ್ಲಿ ಅದು ಸುಮಾರು 21. ಇದೆಲ್ಲವನ್ನೂ 700 ಕೆಜಿಯ ಆಫ್ರಿಕನ್ ಕಾಡೆಮ್ಮೆಗೆ ಧಾರೆ ಎರೆದರೂ ಅದು ಹಿಂದೆ ಸರಿಯುವ ವೇಗ ಸೆಕೆಂಡಿಗೆ 3 ಸೆಂಟಿಮೀಟರ್. ಅಷ್ಟೇ! ಸುಮ್ನೆ ಯೋಚಿಸಿ, ನ್ಯೂಟನ್ನನ ಮೂರನೇ ನಿಯಮದ ಪ್ರಕಾರ ಅಷ್ಟೇ ಗುದ್ದು ಹೊಡೆದವನ ಭುಜಕ್ಕೂ ಬಿದ್ದಿರುತ್ತದೆ. ನಳಿಗೆಯ ಬಾಯಿಂದ ಹೊರಬರುವ ಅನಿಲದ ದೆಸೆಯಿಂದ ಇನ್ನೂ ಸ್ವಲ್ಪ ಜಾಸ್ತಿಯೇ. ಎಪ್ಪತ್ತು ಕೆಜಿಯ ಮನುಷ್ಯ ನಿಂತೇ ಇರುತ್ತಾನೆ, ಏಳುನೂರು ಕೆಜಿಯ ಎಮ್ಮೆ ಹಾರಿ ಬೀಳಬೇಕಂತೆ.

ಹಾಗಾದರೆ ಪ್ರಾಣಿ ಬೀಳುವುದು ಯಾಕೆ? ಮಿದುಳಿಗೋ ಬೆನ್ನುಹುರಿಗೋ ಏಟು ತಗಲಿದರೆ ನಿಂತಲ್ಲೇ ಕುಸಿಯುತ್ತದೆ. ಬೇರೆಲ್ಲಿ ತಗಲಿದರೂ ರಕ್ತ ಹರಿದು, ಮಿದುಳಿಗೆ ಆಮ್ಲಜನಕ ನಿಂತ ಮೇಲೇ ಬೀಳುವುದು. ಗುಂಡು ಹೃದಯವನ್ನೇ ಸೀಳಿದರೂ ಮಿದುಳಿನಲ್ಲಿ ಉಳಿದಿರುವ ಆಮ್ಲಜನಕ ಹತ್ತು ಹದಿನೈದು ಸೆಕೆಂಡಿಗೆ ಸಾಕಾಗುತ್ತದೆ. ಕಾಡೆಮ್ಮೆ ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಅಂದರೆ ಹೃದಯ ಒಡೆದ ಎಮ್ಮೆಗೂ ನೂರು ಮೀಟರ್ ಓಡುವಷ್ಟು ಸಮಯ ಇದೆ. ಬೇಟೆಗಾರ ನಿಂತಿರುವುದು ಸಾಮಾನ್ಯವಾಗಿ ನಲವತ್ತು ಐವತ್ತು ಮೀಟರ್ ದೂರದಲ್ಲಿ. ಅಪಾಯ ಇರುವುದೇ ಇಲ್ಲಿ.

ಆದ್ದರಿಂದ ರೈಫಲ್‌ಗೆ ಕೇಳಬೇಕಾದ ಪ್ರಶ್ನೆ ಒಂದೇ. ಗುಂಡು ದಪ್ಪ ಚರ್ಮ, ಸ್ನಾಯು, ಭುಜದ ಮೂಳೆ ಎಲ್ಲ ದಾಟಿ, ದಾರಿ ತಪ್ಪದೆ, ಒಳಗಿನ ಅಂಗಕ್ಕೆ ತಲುಪುತ್ತದೆಯೇ? ಎಷ್ಟು ಆಳ, ಎಷ್ಟು ನೇರ? ಉಳಿದದ್ದೆಲ್ಲ ಆಮೇಲೆ.

ಜಾಹೀರಾತುಗಳು ಈ ಆಳದ ವಿಷಯ ಎತ್ತುವುದೇ ಇಲ್ಲ. ಅವು ಶಕ್ತಿಯನ್ನು ಜೂಲ್‌ಗಳಲ್ಲಿ ಕೊಡುತ್ತವೆ. ಶಕ್ತಿಯ ಸೂತ್ರದಲ್ಲಿ ವೇಗದ ವರ್ಗ ಇದೆಯಲ್ಲ, ಹಾಗಾಗಿ ಹಗುರವಾದ ಗುಂಡನ್ನು ಜೋರಾಗಿ ಓಡಿಸಿದರೆ ಅಂಕಿ ಧಾರಾಳವಾಗಿ ಏರುತ್ತದೆ. .30-378 ವೆದರ್‌ಬಿ ಸುಮಾರು 11.7 ಗ್ರಾಂ ಗುಂಡನ್ನು ಸೆಕೆಂಡಿಗೆ ಸಾವಿರ ಮೀಟರಿಗೂ ಮೀರಿದ ವೇಗದಲ್ಲಿ ಕಳಿಸುತ್ತದೆ. ಕಾಗದದ ಮೇಲೆ ಅದರ ಶಕ್ತಿ ಆಫ್ರಿಕಾದ ಹಳೇ ನಂಬಿಕಸ್ಥ .375 ಹಾಲೆಂಡ್ ಅಂಡ್ ಹಾಲೆಂಡ್‌ಗಿಂತ ಜಾಸ್ತಿ. ಆದರೆ ಆನೆಯ ಮುಂದೆ ನಿಲ್ಲಬೇಕಾದವರು ಯಾರೂ ಆ ವೆದರ್‌ಬಿಯನ್ನು ಕೈಗೆತ್ತಿಕೊಳ್ಳುವುದಿಲ್ಲ.

ಯಾಕೆ? ಮಾಂಸ ಎಂದರೆ ಬಹುಪಾಲು ನೀರು. ನೀರಿನಲ್ಲಿ ಅಂಗೈ ಅಗಲ ಮಾಡಿ ಎಳೆದರೆ ತಡೆ ಜಾಸ್ತಿ, ಅಂಚಿನಿಂದ ಸೀಳಿದರೆ ಕಡಿಮೆ. ಗುಂಡಿನ ಕತೆಯೂ ಅದೇ. ಅದನ್ನು ತಡೆಯುವುದು ಮುಂಭಾಗದ ಅಗಲ, ಮುಂದಕ್ಕೆ ನೂಕುವುದು ಬೆನ್ನ ಹಿಂದಿನ ತೂಕ. ತೂಕವನ್ನು (ಪೌಂಡಿನಲ್ಲಿ) ವ್ಯಾಸದ (ಇಂಚಿನಲ್ಲಿ) ವರ್ಗದಿಂದ ಭಾಗಿಸಿದರೆ ಸಿಗುವ ಅಂಕಿಯನ್ನು ಸೆಕ್ಷನಲ್ ಡೆನ್ಸಿಟಿ ಅನ್ನುತ್ತಾರೆ. ಒಂದೇ ದಪ್ಪದ ಎರಡು ಗುಂಡುಗಳಲ್ಲಿ ಉದ್ದನೆಯದಕ್ಕೆ ಈ ಅಂಕಿ ಜಾಸ್ತಿ. .470 ಮತ್ತು .458ರ ಭಾರದ ಗುಂಡುಗಳದ್ದು 0.32ರಿಂದ 0.34, .375ರದ್ದು 0.305, ಆ ವೆದರ್‌ಬಿಯದ್ದು 0.27.

ವೇಗ ಜಾಸ್ತಿ ಆದರೆ ಆಳ ಜಾಸ್ತಿ ಆಗಬೇಕಲ್ವಾ? ಆಗುತ್ತದೆ, ಆದರೆ ಜಿಪುಣತನದಿಂದ. ನೀರಿನಂಥ ವಸ್ತುವಿನ ತಡೆಯೂ ವೇಗದ ವರ್ಗದಂತೆಯೇ ಏರುತ್ತದೆ. ಅದರ ಫಲ ವಿಚಿತ್ರ. ಗುಂಡು ಒಂದು ನಿರ್ದಿಷ್ಟ ದೂರ ಸಾಗಿದಾಗ ಅದರ ವೇಗ ಅರ್ಧವಾಗುತ್ತದೆ. ಇನ್ನೂ ಅಷ್ಟೇ ದೂರ ಹೋದರೆ ಆ ಅರ್ಧದ ಅರ್ಧ. ಈ ದೂರವನ್ನು ತೀರ್ಮಾನಿಸುವುದು ಸೆಕ್ಷನಲ್ ಡೆನ್ಸಿಟಿ ಮತ್ತು ಮೂತಿಯ ಆಕಾರ, ಹೊರಟ ವೇಗವಲ್ಲ. ಹೊರಟ ವೇಗವನ್ನು ದುಪ್ಪಟ್ಟು ಮಾಡಿದರೂ ನಿಮಗೆ ಹೆಚ್ಚುವರಿಯಾಗಿ ಸಿಗುವುದು ಅಂಥ ಒಂದೇ ಒಂದು ದೂರ. ಕಾಲು ಭಾಗ ಏರಿಸಿದರೆ ಅದರಲ್ಲಿ ಮೂರನೇ ಒಂದು ಪಾಲು. ಭಾರವನ್ನು ಏರಿಸಿದರೆ ಮಾತ್ರ ಪ್ರತಿಯೊಂದು ಅರ್ಧದ ದೂರವೂ ಉದ್ದವಾಗುತ್ತದೆ. ನನಗಂತೂ ಈ ಇಡೀ ವಿದ್ಯೆಯಲ್ಲಿ ಇಷ್ಟು ಚೆಂದದ ಸಂಗತಿ ಇನ್ನೊಂದು ಕಂಡಿಲ್ಲ. ಒಳಗೆ ಹೋಗುತ್ತಾ ಗುಂಡು ಅಗಲವಾದರಂತೂ ಲೆಕ್ಕ ತಲೆಕೆಳಗಾಗುತ್ತದೆ. ವ್ಯಾಸ ಎರಡರಷ್ಟಾದರೆ ಮುಂಭಾಗದ ಅಗಲ ನಾಲ್ಕರಷ್ಟು, ಅರ್ಧದ ದೂರ ಕಾಲು ಭಾಗ.

ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್‌ನ ಒಗಟು ಬಿಡಿಸಿಕೊಳ್ಳುವುದೂ ಹೀಗೆಯೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆಫ್ರಿಕಾದಲ್ಲಿ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆ ಕೊಂದವನು. ಬಹುಪಾಲು ಕೊಂದದ್ದು .275 ರಿಗ್ಬಿಯಿಂದ, ಅಂದರೆ ಜಿಂಕೆಗೆ ಬಳಸುವ 7 ಮಿಲಿಮೀಟರ್ ಮೌಸರ್‌ನಿಂದ. ಪವಾಡ ಏನೂ ಇಲ್ಲ. ಅವನ ಉದ್ದನೆಯ ಗುಂಡಿನ ಸೆಕ್ಷನಲ್ ಡೆನ್ಸಿಟಿ 0.31ರ ಆಸುಪಾಸು, .375ಕ್ಕೆ ಸರಿಸಮ. ಗಟ್ಟಿ ಹೊದಿಕೆಯ ಆ ಗುಂಡು ಅಗಲವಾಗದೆ ಗಾಳಿಗೂಡುಗಳು ತುಂಬಿದ ತಲೆಮೂಳೆ ದಾಟಿ ಮಿದುಳಿಗೆ ಹೋಗುತ್ತಿತ್ತು. ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿಸಿ ಮಿದುಳು ಎಲ್ಲಿದೆ ಎಂದು ನೋಡಿಕೊಂಡಿದ್ದ ಮನುಷ್ಯ ಅವನು.

ಬೆಲ್‌ನ ಹೆಸರು ಹೇಳಿ ಸಣ್ಣ ರೈಫಲ್ ಸಾಕು ಎಂದು ವಾದ ಮಾಡುವವರು ಇವತ್ತಿಗೂ ಇದ್ದಾರೆ. ಅವರು ಮರೆಯುವುದು ಇಷ್ಟು. ಬೆಲ್ ಹೊಡೆಯುವ ಗಳಿಗೆಯನ್ನು ತಾನೇ ಆರಿಸುತ್ತಿದ್ದ. ಕೋನ ಸರಿಯಿಲ್ಲದಿದ್ದರೆ ಬಿಟ್ಟುಬಿಡುತ್ತಿದ್ದ. ದಟ್ಟ ಪೊದೆಯಿಂದ ಹತ್ತು ಮೀಟರ್ ದೂರದಲ್ಲಿ ಗಾಯಗೊಂಡ ಕಾಡೆಮ್ಮೆ ನುಗ್ಗಿ ಬಂದಾಗ ಗಳಿಗೆ ಆರಿಸುವುದು ಎಮ್ಮೆ. ಮಿದುಳು ಎರಡು ಬೆರಳಿನಷ್ಟು ತಪ್ಪಿದರೆ 7 ಮಿಲಿಮೀಟರ್ ತೂತಿಗೂ 12 ಮಿಲಿಮೀಟರ್ ತೂತಿಗೂ ವ್ಯತ್ಯಾಸ ಬಹಳ. ಹಲವು ಆಫ್ರಿಕನ್ ದೇಶಗಳ ಕಾನೂನು ಅಪಾಯಕಾರಿ ಪ್ರಾಣಿಗಳಿಗೆ .375ರ ಆಸುಪಾಸಿನ ಕನಿಷ್ಠ ಮಿತಿ ಇಟ್ಟಿರುವುದು ಇದಕ್ಕೇ.

ಗುಂಡಿನ ಒಳರಚನೆ ಅದರ ದಪ್ಪಕ್ಕಿಂತ, ಅಂದರೆ ಕ್ಯಾಲಿಬರ್‌ಗಿಂತ ಮುಖ್ಯ ಎಂದರೂ ತಪ್ಪಿಲ್ಲ. ಸಿಂಹ, ಚಿರತೆಯಂಥ ತೆಳು ಚರ್ಮದ ಪ್ರಾಣಿಗೆ ಮೂತಿ ಅರಳುವ ಮೆತ್ತನೆ ಗುಂಡು ಬೇಕು. ಆನೆಗೆ ಅರಳದ ಗಟ್ಟಿ ಗುಂಡು, ಅದನ್ನು ಸಾಲಿಡ್ ಅನ್ನುತ್ತಾರೆ. ಕಾಡೆಮ್ಮೆ ನಡುವಿನದು. ಹಳೇ ಮೆತ್ತನೆ ಗುಂಡುಗಳ ಕಷ್ಟ ಏನೆಂದರೆ ಒಮ್ಮೆ ಅರಳಲು ಶುರುವಾದರೆ ಚೂರುಚೂರಾಗುತ್ತಿದ್ದವು. 1946ರಲ್ಲಿ ಜಾನ್ ನಾಸ್ಲರ್ ಎಂಬ ಅಮೆರಿಕನ್ ಕೆನಡಾದಲ್ಲಿ ಮೂಸ್ ಎಂಬ ಭಾರಿ ಜಿಂಕೆಯ ಬೇಟೆಗೆ ಹೋಗಿದ್ದ. ಮೈಗೆಲ್ಲ ಕೆಸರು ಮೆತ್ತಿಕೊಂಡಿದ್ದ ಆ ಪ್ರಾಣಿಯ ಭುಜದ ಮೇಲೆ ಅವನ ವೇಗದ ಗುಂಡುಗಳು ಒಡೆದು ಪುಡಿಯಾದವು. ಮನೆಗೆ ಬಂದವನು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಇಟ್ಟ. ಮುಂದಿನ ಸೀಸ ಅರಳುತ್ತದೆ, ಗೋಡೆಯ ಹಿಂದಿನ ಸೀಸ ಒಂದೇ ತುಂಡಾಗಿ ಮುಂದೆ ಹೋಗುತ್ತದೆ. ಪಾರ್ಟಿಶನ್ ಎಂಬ ಆ ಗುಂಡು ಈಗಲೂ ಮಾರಾಟದಲ್ಲಿದೆ.

ಸಾಲಿಡ್‌ಗಳ ಮೂತಿ ಇನ್ನೂ ಸ್ವಾರಸ್ಯ. ಚೂಪು ಗುಂಡು ಗಾಳಿಗೆ ಒಳ್ಳೆಯದು, ಮಾಂಸಕ್ಕೆ ಕೆಟ್ಟದ್ದು. ನಳಿಗೆ ಕೊಟ್ಟ ತಿರುಗು ಗಾಳಿಯಲ್ಲಿ ಅದನ್ನು ನೇರ ಇಡುತ್ತದೆ. ನೀರು ಗಾಳಿಗಿಂತ 800 ಪಟ್ಟು ಸಾಂದ್ರ, ಅಲ್ಲಿ ಆ ತಿರುಗು ಸಾಲುವುದಿಲ್ಲ. ಚೂಪು ಗುಂಡಿನ ಭಾರವೆಲ್ಲ ಹಿಂದಿರುವುದರಿಂದ ಅದು ಮಗುಚಿ, ಅಡ್ಡಡ್ಡ ತಿರುಗಿ, ಎತ್ತಲೋ ಹೋಗುತ್ತದೆ. ಚಪ್ಪಟೆ ಮೂತಿ ಮಾಂಸದ ದ್ರವವನ್ನು ಸುತ್ತ ಎರಚಿ ತನ್ನ ಹಿಂದೆ ಒಂದು ಪೊಳ್ಳು ಮಾಡಿಕೊಳ್ಳುತ್ತದೆ. ಗುಂಡಿನ ಪಕ್ಕಗಳಿಗೆ ಏನೂ ತಾಗುವುದಿಲ್ಲ, ಮೂತಿ ಮಾತ್ರ ಒದ್ದೆ. ಸ್ವಲ್ಪ ವಾಲಿದರೂ ಪೊಳ್ಳಿನ ಗೋಡೆಯೇ ಅದನ್ನು ತಳ್ಳಿ ನೇರ ಮಾಡುತ್ತದೆ. ಈಗಿನ ಹಿತ್ತಾಳೆ, ತಾಮ್ರದ ಸಾಲಿಡ್‌ಗಳಿಗೆ ಮೊಂಡು ಮೂತಿ ಇರುವುದು ಅದಕ್ಕೆ.

ಇದೆಲ್ಲ ಗೊತ್ತಿಲ್ಲದ ಕರಿಮದ್ದಿನ ಕಾಲದಲ್ಲಿ ಆಳ ಬೇಕೆಂದರೆ ಒಂದೇ ದಾರಿ, ಗುಂಡನ್ನು ದೊಡ್ಡದು ಮಾಡುವುದು. ಫೋರ್ ಬೋರ್ ಎಂದರೆ ಒಂದು ಪೌಂಡ್ ಸೀಸಕ್ಕೆ ನಾಲ್ಕು ಗುಂಡು, ಒಂದೊಂದೂ 113 ಗ್ರಾಂ. ಇಂಗ್ಲಿಷ್ ಅನ್ವೇಷಕ ಸ್ಯಾಮ್ಯುಯೆಲ್ ಬೇಕರ್ ಬಳಿ ಅರ್ಧ ಪೌಂಡಿನ ಗುಂಡಿನ ಕೋವಿ ಇತ್ತು. ಅದಕ್ಕೆ ಬೇಬಿ ಎಂದು ಹೆಸರಿಟ್ಟು, ಹಾರಿಸಲು ಅವನೇ ಹೆದರುತ್ತಿದ್ದ. ಇಂಗ್ಲಿಷ್ ಬೇಟೆಗಾರ ಫ್ರೆಡರಿಕ್ ಸೆಲೂಸ್ 1870ರ ದಶಕದಲ್ಲಿ ಫೋರ್ ಬೋರ್ ಬಳಸಿ, ಅದರ ಒದೆತದಿಂದ ತನ್ನ ನರ ಕೆಟ್ಟು ಗುರಿಯೂ ಹಾಳಾಯಿತು ಎಂದು ಕಡೆಯವರೆಗೂ ದೂರುತ್ತಿದ್ದ.

1898ರಲ್ಲಿ ಬ್ರಿಟನ್ನಿನ ಕೋವಿ ತಯಾರಕ ರಿಗ್ಬಿಯವರ .450 ನೈಟ್ರೋ ಎಕ್ಸ್‌ಪ್ರೆಸ್ ಬಂತು. ಹೊಗೆಯಿಲ್ಲದ ಕಾರ್ಡೈಟ್ ಮದ್ದಿನಿಂದ ಅರ್ಧ ಇಂಚಿಗಿಂತ ಸಣ್ಣ ಗುಂಡು ಹಳೇ ಫಿರಂಗಿಗಳನ್ನು ಮೂಲೆಗೆ ಸೇರಿಸಿತು. ಆದರೆ ಬ್ರಿಟಿಷ್ ಸರ್ಕಾರ ಭಾರತ ಮತ್ತು ಸೂಡಾನ್‌ನಲ್ಲಿ .450 ಕ್ಯಾಲಿಬರ್ ಅನ್ನೇ ನಿಷೇಧಿಸಿತು, ದಂಗೆಕೋರರ ಮಾರ್ಟಿನಿ-ಹೆನ್ರಿ ಬಂದೂಕುಗಳಿಗೆ ಆ ಗುಂಡು ಸಿಗಬಾರದು ಅಂತ. ತಯಾರಕರು .465, .470, .475, .476 ಎಂದು ಕೂದಲೆಳೆ ದಪ್ಪ ಮಾಡಿ ಮಾರಿದರು. .470ರ ಆ ಅಂಕಿಯ ಹಿಂದೆ ವಿಜ್ಞಾನ ಹುಡುಕುವವರು ಸುಮ್ನೆ ಸಮಯ ಹಾಳು ಮಾಡುತ್ತಾರೆ.

ಈ ತೋಟಾಗಳು ನೋಡಲು ಬೇಕಿಲ್ಲದಷ್ಟು ದೊಡ್ಡವು. ಕಾರಣ ಸೆಕೆ. ಉಷ್ಣವಲಯದ ಬಿಸಿಲಲ್ಲಿ ಕಾರ್ಡೈಟ್‌ನ ಒತ್ತಡ ಏರುತ್ತದೆ. ಹೊಡೆದ ತೋಟಾದ ಹಿತ್ತಾಳೆ ಉಬ್ಬಿ ಒಳಗೇ ಕಚ್ಚಿಕೊಂಡರೆ ಎರಡನೇ ಗುಂಡು ಇಲ್ಲ. ಒಳಗೆ ಜಾಗ ಜಾಸ್ತಿ ಇದ್ದರೆ ಅದೇ ವೇಗ ಕಡಿಮೆ ಒತ್ತಡದಲ್ಲಿ ಸಿಗುತ್ತದೆ. 1911ರ .416 ರಿಗ್ಬಿಯ ಹೊಟ್ಟೆ ಅಷ್ಟು ದೊಡ್ಡದಿರುವುದೂ ಇದಕ್ಕೇ. 1956ರಲ್ಲಿ ಬಂದ .458 ವಿಂಚೆಸ್ಟರ್ ಮ್ಯಾಗ್ನಂ ಈ ಪಾಠ ಮರೆಯಿತು. ಅದೇ ಬಲವನ್ನು ಗಿಡ್ಡ ತೋಟಾದಲ್ಲಿ ಹಿಡಿಸಲು ಮದ್ದನ್ನು ಒತ್ತಿ ತುಂಬಿದರು. ಕೆಲವು ಹೆಂಟೆಗಟ್ಟಿ, ಸರಿಯಾಗಿ ಉರಿಯದೆ, ವೇಗ ಕುಸಿಯಿತು. 1959ರಲ್ಲಿ ಮೊಜಾಂಬಿಕ್‌ನಲ್ಲಿ ಕಾಡೆಮ್ಮೆಯಿಂದ ಗಾಯಗೊಂಡ ಜ್ಯಾಕ್ ಲಾಟ್ ಎಂಬವನು ಆ ತೋಟಾವನ್ನು ಏಳೂವರೆ ಮಿಲಿಮೀಟರ್ ಉದ್ದ ಮಾಡಿ .458 ಲಾಟ್ ರೂಪಿಸಿದ.

ಇನ್ನು ರೈಫಲ್. ಡಬಲ್ ಎಂದರೆ ಎರಡು ನಳಿಗೆ, ಎರಡು ಕುದುರೆ (ಟ್ರಿಗರ್), ಒಳಗೆ ಎರಡು ಪ್ರತ್ಯೇಕ ಯಂತ್ರ. ಒಂದು ಕೈಕೊಟ್ಟರೂ ಇನ್ನೊಂದು ಇದೆ, ಎರಡನೇ ಏಟು ಅರೆಗಳಿಗೆಯಲ್ಲಿ. ಆದರೆ ಆ ನಳಿಗೆಗಳನ್ನು ಹತ್ತಿರದಿಂದ ನೋಡಿದರೆ ಅವು ಸಮಾನಾಂತರ ಅಲ್ಲ, ಬಾಯಿಯ ಕಡೆ ಒಂದಕ್ಕೊಂದು ವಾಲಿವೆ. ಬಲ ನಳಿಗೆ ಹಾರಿದಾಗ, ಗುಂಡು ಇನ್ನೂ ಒಳಗೆ ಓಡುತ್ತಿರುವಾಗಲೇ, ಒದೆತ ರೈಫಲನ್ನು ಬಲಕ್ಕೆ ತಿರುಗಿಸುತ್ತದೆ. ಆ ತಿರುಗಾಟವನ್ನು ಸರಿದೂಗಿಸಲು ಕುಶಲಕರ್ಮಿ ನಳಿಗೆಗಳ ನಡುವೆ ಬೆಣೆ ಇಟ್ಟು, ಹೊಡೆದು ನೋಡಿ, ಬೆಸುಗೆ ಕರಗಿಸಿ, ಬೆಣೆ ಸರಿಸಿ, ಮತ್ತೆ ಹೊಡೆಯುತ್ತಾನೆ, ಎರಡೂ ಗುಂಡು ಒಂದೇ ಕಡೆ ಬೀಳುವವರೆಗೆ. ಇದೆಲ್ಲ ಒಂದೇ ಬಗೆಯ ತೋಟಾಗೆ. ಬೇರೆ ತೂಕದ ಗುಂಡು ಹಾಕಿದರೆ ಶ್ರಮವೆಲ್ಲ ವ್ಯರ್ಥ. ಬೆಲೆ ದುಬಾರಿ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಬೋಲ್ಟ್ ರೈಫಲ್ ಎಂದರೆ ಒಂದೇ ನಳಿಗೆ, ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಹಿಂದೆಮುಂದೆ ಎಳೆದು ಪ್ರತಿ ತೋಟಾ ತುಂಬುವಂಥದ್ದು. ಅದು ಅಗ್ಗ, ನಿಖರ, ಗುಂಡೂ ಜಾಸ್ತಿ. ಇಲ್ಲಿ ನೋಡಬೇಕಾದದ್ದು 1898ರ ಮೌಸರ್‌ನ ಕೊಕ್ಕೆ. ತೋಟಾ ಮ್ಯಾಗಜಿನ್‌ನಿಂದ ಮೇಲೇಳುವಾಗಲೇ ಅದರ ಅಂಚು ಜಾರಿ ಈ ಉದ್ದನೆ ಉಗುರಿನ ಕೆಳಗೆ ಸೇರುತ್ತದೆ. ಗಾಬರಿಯಲ್ಲಿ ಬೋಲ್ಟನ್ನು ಅರ್ಧ ತಳ್ಳಿ ಮತ್ತೆ ಹಿಂದಕ್ಕೆಳೆದರೆ ತೋಟಾವೂ ಜೊತೆಗೇ ಬಂದು ಆಚೆ ಬೀಳುತ್ತದೆ. ಕೊಕ್ಕೆ ಇಲ್ಲದ ವಿನ್ಯಾಸದಲ್ಲಿ ಮೊದಲ ತೋಟಾ ಅಲ್ಲೇ ಉಳಿದು, ಎರಡನೆಯದು ಅದರ ಬೆನ್ನಿಗೆ ಗುದ್ದಿ ಸಿಕ್ಕಿಕೊಳ್ಳುತ್ತದೆ. ವಿಂಚೆಸ್ಟರ್ ತನ್ನ ಮಾಡೆಲ್ 70ರಲ್ಲಿ 1964ರಲ್ಲಿ ಈ ಕೊಕ್ಕೆ ತೆಗೆದು, ಬೈಸಿಕೊಂಡು, 1990ರ ದಶಕದಲ್ಲಿ ವಾಪಸ್ ಹಾಕಿತು.

ತೂಕದ ವಿಷಯದಲ್ಲಿ ಜಿಪುಣತನ ಬೇಡ. .458ರ ಒದೆತದ ಶಕ್ತಿ ಸಾಮಾನ್ಯ .30-06ರ ಸುಮಾರು ಮೂರು ಪಟ್ಟು, ಹಗುರ ರೈಫಲ್‌ನಲ್ಲಿ ಇನ್ನೂ ಕೆಟ್ಟದ್ದು. ನಾಲ್ಕೂವರೆ ಕೆಜಿ ಹೊರಲು ಬೇಸರ, ಹೊಡೆಯುವಾಗ ಪುಣ್ಯ. ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುವವನ ಕೈಲಿ .600 ಕೊಡುವುದಕ್ಕಿಂತ, ಹೆದರದೆ ಹೊಡೆಯುವವನ ಕೈಲಿ .375 ಇರುವುದು ವಾಸಿ. ಒಂದೇ ರೈಫಲ್ ಎಂದರೆ ನನ್ನ ಆಯ್ಕೆ ಅದೇ, ಭುಜ ಗಟ್ಟಿ ಇದ್ದವರಿಗೆ .416.

ತುಂಬುವ ಕ್ರಮಕ್ಕೂ ಲೆಕ್ಕ ಇದೆ. ಕಾಡೆಮ್ಮೆಗೆ ಮೊದಲು ಅರಳುವ ಗುಂಡು, ಅದರ ಕೆಳಗೆಲ್ಲ ಸಾಲಿಡ್. ಹಿಂಡಿನ ನಡುವೆ ಸಾಲಿಡ್ ಹೊಡೆದರೆ ಅದು ಎದುರಿನ ಎಮ್ಮೆಯನ್ನು ಪೂರ್ತಿ ದಾಟಿ ಹಿಂದಿನದಕ್ಕೂ ತಗಲಬಹುದು. ಮೊದಲ ಏಟಾದ ಮೇಲೆ ಗಾಯಗೊಂಡದ್ದು ಬೆನ್ನು ತಿರುಗಿಸಿ ಓಡುತ್ತದೆ. ಆಗ ಗುಂಡು ಹಿಂಭಾಗದಿಂದ ಹೊಕ್ಕು, ಮೇವು ತುಂಬಿದ ಹೊಟ್ಟೆ ದಾಟಿ ಎದೆಗೆ ಮುಟ್ಟಬೇಕು. ಅಷ್ಟು ದೂರ ಹೋಗುವುದು ಸಾಲಿಡ್ ಮಾತ್ರ.