ಅಜರ್ ಕೇಸು ಮತ್ತೆ ಮೇಷ್ಟ್ರ ಟಿಕೆಟ್ಟು

ಪೆನ್ಷನ್ ಕೇಸಿಗೆ ನನ್ನ ಆಫೀಸಿಗೆ ಬರೋ ರಿಟೈರ್ಡ್ ಪಿ.ಟಿ. ಮೇಷ್ಟ್ರೊಬ್ರು ಮೊನ್ನೆ ಫೈಲಿಂದ ಜೆರಾಕ್ಸ್ ತೆಗೀತಿದ್ರು, ಲ್ಯಾಮಿನೇಟ್ ಮಾಡಿಸಿದ ಚೀಟಿಯೊಂದು ಜಾರಿ ಬಿತ್ತು. ನೋಡಿದ್ರೆ ಚಿನ್ನಸ್ವಾಮಿ ಸ್ಟೇಡಿಯಂ ಟಿಕೆಟ್ಟು, ಮಾರ್ಚ್ 2000, ಸೌತ್ ಆಫ್ರಿಕಾ ಟೆಸ್ಟು. ನಾವು ಇನ್ನಿಂಗ್ಸ್ ಮತ್ತೆ 71 ರನ್ನಿಂದ ಸೋತ ಮ್ಯಾಚು, ಅಜರುದ್ದೀನ್ 102 ಹೊಡೆದಿದ್ದು ಅದ್ರಲ್ಲೇ. ಅದು ಅವ್ರ 99ನೇ ಟೆಸ್ಟು, ಕೊನೇದೂ ಅದೇ, ಎದುರಾಳಿ ಕ್ಯಾಪ್ಟನ್ ಹ್ಯಾನ್ಸಿ ಕ್ರೋನಿಯೆಗೂ ಅದೇ ಕೊನೆ ಟೆಸ್ಟು. ಮುಂದಿನ ತಿಂಗಳೇ ದೆಹಲಿ ಪೊಲೀಸ್ರು ಕ್ರೋನಿಯೆ ಬುಕ್ಕಿ ಜೊತೆ ಮ್ಯಾಚ್ ಫಿಕ್ಸಿಂಗ್ ಮಾತಾಡಿದ ಫೋನ್ ಟೇಪ್ ಸುದ್ದಿ ಹೊರಗೆ ಬಿಟ್ರು, ಆಮೇಲೆ ಅದೇ ಹಗರಣದಲ್ಲಿ ಅಜರ್ ಹೆಸರೂ ಬಂತು.

"ಅಜರ್‌ನ ಕೋರ್ಟೇ ಬಿಟ್ಟಾಯ್ತಲ್ಲ ಲಾಯರ್ರೇ, ಇನ್ನೂ ಯಾಕೆ ಜನ ಕಳ್ಳ ಅಂತಾರೆ?" ಅಂದ್ರು ಮೇಷ್ಟ್ರು.

ಸರ್ವಿಸ್ ಮ್ಯಾಟರ್, ಅಂದ್ರೆ ನೌಕರಿ ಕೇಸು ನಡೆಸೋ ನನಗೆ ಇದು ದಿನಾ ಬರೋ ಪ್ರಶ್ನೆ, ಕ್ರಿಕೆಟರ್ ಬದ್ಲು ಕಂಡಕ್ಟರ್ ಇರ್ತಾನೆ ಅಷ್ಟೆ. ದುಡ್ಡು ತಗೊಂಡು ಟಿಕೆಟ್ ಹರೀಲಿಲ್ಲ ಅಂತ ಚೆಕಿಂಗ್‌ನವ್ರು ಹಿಡೀತಾರೆ, ಡಿಪೋದಲ್ಲಿ ಎನ್‌ಕ್ವೈರಿ ಆಗಿ ಕೆಲಸ ಹೋಗುತ್ತೆ. ಅದೇ ವಿಷ್ಯಕ್ಕೆ ಪೊಲೀಸ್ ಕೇಸ್ ಆಗಿದ್ರೆ ಅಲ್ಲಿ ಖುಲಾಸೆನೂ ಆಗ್ಬಹುದು. ಯಾಕಂದ್ರೆ ಕ್ರಿಮಿನಲ್ ಕೋರ್ಟಿಗೆ ಸಂಶಯಕ್ಕೆ ಜಾಗ ಇಲ್ದಂಗೆ ಸಾಕ್ಷಿ ಬೇಕು, ಎನ್‌ಕ್ವೈರಿಗೆ ತಕ್ಕಡಿ ಒಂದು ಕಡೆ ವಾಲಿದ್ರೆ ಸಾಕು. ಖುಲಾಸೆ ಕಾಪಿ ಹಿಡ್ಕೊಂಡು ಬಂದು "ಸಾರ್, ನಾಳೆ ಡ್ಯೂಟಿಗೆ ಹೋಗ್ಲಾ" ಅಂತ ಕೇಳ್ದವರನ್ನ ಎಷ್ಟು ಜನ ನೋಡಿದೀನಿ.

2013ರ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಕೇಸಲ್ಲಿ ಸಿಕ್ಕಿದ ಬೌಲರ್ ಶ್ರೀಶಾಂತ್‌ಗೆ ಆಗಿದ್ದೂ ಅದೇ. 2015ರಲ್ಲಿ ದೆಹಲಿ ಕೋರ್ಟು ಕೇಸಿಂದ ಕೈಬಿಡ್ತು, ಕ್ರಿಕೆಟ್ ಬೋರ್ಡು ಹಾಕಿದ್ದ ಜೀವನಪರ್ಯಂತ ಬ್ಯಾನ್ ಮಾತ್ರ ಹಂಗೇ ಇತ್ತು. 2019ರಲ್ಲಿ ಸುಪ್ರೀಂ ಕೋರ್ಟು ಜೀವನಪರ್ಯಂತ ಅನ್ನೋದು ಜಾಸ್ತಿ ಆಯ್ತು, ಶಿಕ್ಷೆ ಎಷ್ಟು ಅಂತ ಮತ್ತೆ ಯೋಚ್ನೆ ಮಾಡಿ ಅಂತು, ಆಮೇಲೆ ಅದು 7 ವರ್ಷಕ್ಕೆ ಇಳೀತು. ಫ್ಯಾನ್ಸು ಮಾತ್ರ ಮೂರು ಸಲನೂ ಪಟಾಕಿ ಹೊಡೆಯೋದೋ ಬೈಯೋದೋ ಮಾಡಿದ್ರು, ಆರ್ಡರ್ ಓದಿದವ್ರು ಬೆರಳೆಣಿಕೆ.

ಅಜರ್ ಕೇಸು ಇನ್ನೂ ಬೇರೆ ಥರ. 2000ದ ಡಿಸೆಂಬರಲ್ಲಿ ಬೋರ್ಡು ಜೀವನಪರ್ಯಂತ ಬ್ಯಾನ್ ಹಾಕ್ತು, ಮ್ಯಾಚ್ ಫಿಕ್ಸಿಂಗ್ ಅಂತ ಹೆಸರಿಟ್ಟ ಅಪರಾಧನೇ ಆಗ ನಮ್ಮ ಕಾನೂನಲ್ಲಿ ಇರ್ಲಿಲ್ಲ, ಹಾಗಾಗಿ ಇದು ಸಿವಿಲ್ ಜಗಳ ಆಯ್ತು. ಕೆಳಗಿನ ಕೋರ್ಟಲ್ಲಿ ಸೋತು ಅಪೀಲಿಗೆ ಹೋದ್ರು, 2012ರ ನವೆಂಬರಲ್ಲಿ ಆಂಧ್ರ ಹೈಕೋರ್ಟು ಆ ಬ್ಯಾನು ಕಾನೂನಲ್ಲಿ ನಿಲ್ಲಲ್ಲ ಅಂತು. ಗಮನಿಸಿ, ಕೋರ್ಟು ತೂಗಿದ್ದು ಬೋರ್ಡಿನ ಆರ್ಡರನ್ನ, ಯಾವ ಮ್ಯಾಚಲ್ಲಿ ಏನಾಯ್ತು ಅಂತ ಬಾಲ್ ಬಾಲ್ ಲೆಕ್ಕ ಹಾಕಿದ್ದಲ್ಲ. ಅಂದಮೇಲೆ ಬ್ಯಾನ್ ಆಗಿತ್ತು ಅಂತ ಈಗ ಕಳ್ಳ ಅನ್ನೋ ಹಕ್ಕು ಯಾರಿಗೂ ಇಲ್ಲ, ಆದ್ರೆ ಅದೇ ಆರ್ಡರನ್ನ ಎಲ್ಲಾದಕ್ಕೂ ಸರ್ಟಿಫಿಕೇಟು ಅಂತ ಫ್ರೇಮ್ ಹಾಕಿಸೋದೂ ನನ್ ಪ್ರಕಾರ ತಪ್ಪೇ.

ಮೇಷ್ಟ್ರು ಎಲ್ಲಾ ಕೇಳಿದ್ರು, ತಲೆ ಆಡಿಸಿದ್ರು. ಆಮೇಲೆ ಟಿಕೆಟ್ಟು ಒರೆಸ್ಕೋತಾ, "ಅದಿರ್ಲಿ ಬಿಡಿ, ಆ 102 ನಿಜವಾಗ್ಲೂ ಆಡಿದ್ದೇ ತಾನೆ? ಮಗನ್ನ ಸ್ಕೂಲಿಗೆ ರಜಾ ಹಾಕ್ಸಿ ಕರ್ಕೊಂಡೋಗಿದ್ದೆ" ಅಂದ್ರು.

ಅದಕ್ಕೆ ನನ್ನ ಹತ್ರ ಯಾವ ಸೆಕ್ಷನ್ನೂ ಇರ್ಲಿಲ್ಲ. ಕಾಫಿ ತರಿಸ್ದೆ.