ತಲೆಗೆ ಬಿದ್ದ ಪೆಟ್ಟಿಗೆ ಶೇಕಡಾ ಎಷ್ಟು?

ಕೆಲಸದ ಜಾಗದಲ್ಲಿ ಅವಘಡವಾದರೆ ಪರಿಹಾರ ಕೇಳಬಹುದು ಎಂಬುದು ದಾವಣಗೆರೆ, ಚಿತ್ರದುರ್ಗ ಸೀಮೆಯ ದುಡಿಯುವ ಜನರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಎಲ್ಲಿ ಕೇಳಬೇಕು, ಯಾವ ಕಾಯ್ದೆಯಡಿ ಕೇಳಬೇಕು ಎಂಬಲ್ಲಿಗೆ ಬಂದಾಗ ತಲೆ ಕೆಡುತ್ತದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ಒಂದು ದಾರಿ, ಇಲ್ಲದವರಿಗೆ ಇನ್ನೊಂದು. ಲಾರಿ ಚಾಲಕನಿಗೆ ಎರಡು ದಾರಿಗಳಿವೆ, ಆದರೆ ಆರಿಸಿಕೊಳ್ಳಬೇಕಾದದ್ದು ಒಂದನ್ನೇ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ನೂರು ವರ್ಷದ ಹಳೆಯ ಪರಿಹಾರ ಕಾಯ್ದೆಯ ಜಾಗವನ್ನು ಸಾಮಾಜಿಕ ಭದ್ರತಾ ಸಂಹಿತೆ ತೆಗೆದುಕೊಂಡಿದೆ, ಚೌಕಟ್ಟು ಮಾತ್ರ ಬಹುಮಟ್ಟಿಗೆ ಹಳೆಯದೇ. ಈ ಗೋಜಲಿನಲ್ಲಿ ಎಲ್ಲರಿಗಿಂತ ಹೆಚ್ಚು ನಲುಗುವವರು ತಲೆಗೆ ಪೆಟ್ಟು ತಿಂದವರು. ಬೆರಳು ಹೋದವನು ಕೈ ಎತ್ತಿ ತೋರಿಸಬಹುದು. ಮರೆವು, ಸಿಟ್ಟು, ಫಿಟ್ಸ್‌ಗಳನ್ನು ಹಾಗೆ ತೋರಿಸಲಾಗದು.

ತಪ್ಪು ಯಾರದೆಂದು ಹುಡುಕುತ್ತ ಕೂರದೆ ದುಡಿಮೆಯಲ್ಲಿ ಆದ ಗಾಯಕ್ಕೆ ಪರಿಹಾರ ಸಿಗಬೇಕು ಎಂಬ ವಿಚಾರ ಜರ್ಮನಿಯಲ್ಲಿ 1884ರಲ್ಲಿ, ಇಂಗ್ಲೆಂಡಿನಲ್ಲಿ 1897ರಲ್ಲಿ ಕಾನೂನಾಯಿತು. ಭಾರತಕ್ಕೆ ಅದು ಬಂದದ್ದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ರೂಪದಲ್ಲಿ. ಜಾರಿಯಾದದ್ದು 1924ರ ಜುಲೈ 1ರಿಂದ. ಮುಂದೆ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಬೆಳೆದವು, ಹರಿಹರಕ್ಕೆ ಕಿರ್ಲೋಸ್ಕರ್ ಬಂತು, ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳು ಎದ್ದವು, ಚಿತ್ರದುರ್ಗದ ಗುಡ್ಡಗಳಲ್ಲಿ ಗಣಿಗಾರಿಕೆ ನಡೆಯಿತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಕೆಲಸಗಾರರ ಸಂಖ್ಯೆ ಕರಗಿತು. ಗಾರೆ ಕೆಲಸ, ಸೆಂಟ್ರಿಂಗ್, ಎಪಿಎಂಸಿ ಹಮಾಲಿ, ಲಾರಿ ಕ್ಲೀನರ್, ಮಂಡಕ್ಕಿ ಭಟ್ಟಿ ಹೀಗೆ ಹೆಸರು ಎಲ್ಲೂ ದಾಖಲಾಗದ ದುಡಿಮೆಯೇ ಹೆಚ್ಚಾಯಿತು. ಅವಘಡದ ದಿನ ಇವರ ಎದುರು ನಿಲ್ಲುವ ಮೊದಲ ಪ್ರಶ್ನೆ, ‘ನೀನು ಇಲ್ಲಿ ಕೆಲಸಕ್ಕಿದ್ದೆ ಅನ್ನೋದಕ್ಕೆ ಏನು ದಾಖಲೆ?’

1923ರ ಕಾಯ್ದೆಯ ಒಂದನೇ ಅನುಸೂಚಿಯನ್ನು, ಅಂದರೆ ಗಾಯಗಳ ಪಟ್ಟಿಯನ್ನು, ಓದಿದರೆ ಅದು ಯಾವ ಕಾಲದ ಕಾರ್ಖಾನೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದದ್ದು ಎಂದು ಗೊತ್ತಾಗುತ್ತದೆ. ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದ ನಷ್ಟ ಶೇ 30. ತೋರುಬೆರಳು ಪೂರ್ತಿ ಹೋದರೆ ಶೇ 14. ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ 50. ಒಂದು ಕಣ್ಣು ಹೋಗಿ ಇನ್ನೊಂದು ಚೆನ್ನಾಗಿದ್ದರೆ ಶೇ 40. ಯಂತ್ರದ ಬೆಲ್ಟಿಗೆ, ಹಲ್ಲಿನ ಗಾಲಿಗೆ ಸಿಕ್ಕ ದೇಹದ ಲೆಕ್ಕ ಇದು. ಪೂರ್ತಿ ಕಿವುಡಾಗುವುದಕ್ಕೂ ಮುಖ ತೀರಾ ವಿಕಾರವಾಗುವುದಕ್ಕೂ ಅದರಲ್ಲಿ ಜಾಗವಿದೆ. ಮಿದುಳಿನ ಗಾಯಕ್ಕೆ ಇಲ್ಲ.

ಪಟ್ಟಿಯಲ್ಲಿಲ್ಲದ ಗಾಯಕ್ಕೆ ಕಾಯ್ದೆ ಬೇರೆ ವ್ಯವಸ್ಥೆ ಮಾಡಿದೆ. ಅರ್ಹ ವೈದ್ಯರು ಆ ವ್ಯಕ್ತಿಯ ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿದೆ ಎಂದು ಅಂದಾಜು ಮಾಡಬೇಕು, ಪರಿಹಾರ ಅದಕ್ಕೆ ತಕ್ಕಂತೆ. ಮಿದುಳಿನ ಗಾಯದ ಎಲ್ಲ ತಕರಾರೂ ಈ ಒಂದು ಅಂದಾಜಿನ ಸುತ್ತಲೇ ತಿರುಗುತ್ತದೆ.

ಈ ಅಂದಾಜನ್ನು ಹೇಗೆ ನೋಡಬೇಕು ಎಂಬುದಕ್ಕೆ ದಿಕ್ಕು ಸಿಕ್ಕಿದ್ದು 1975ರ ಡಿಸೆಂಬರ್‌ನಲ್ಲಿ. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಒಬ್ಬ ಬಡಗಿಯ ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಬೇಕಾಗಿತ್ತು. ಪಟ್ಟಿ ನೋಡಿದರೆ ಅದು ಪೂರ್ಣ ಅಂಗವೈಕಲ್ಯವಲ್ಲ. ಸುಪ್ರೀಂ ಕೋರ್ಟ್ ಪಟ್ಟಿಯನ್ನು ಬದಿಗಿಟ್ಟು ಅವನ ಕಸುಬನ್ನು ನೋಡಿತು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ನಷ್ಟ ಶೇ 100 ಎಂದಿತು. ಪರಿಹಾರ ಬಾಕಿಯಾಗುವುದು ಆದೇಶದ ದಿನದಿಂದಲ್ಲ, ಅವಘಡವಾದ ದಿನದಿಂದಲೇ ಎಂದೂ ಹೇಳಿತು. 2008ರಲ್ಲಿ ಕಾಲು ಕಳೆದುಕೊಂಡ ಟ್ಯಾಂಕರ್ ಚಾಲಕನ ಪ್ರಕರಣದಲ್ಲೂ ಇದೇ ಅಳತೆ ಬಳಕೆಯಾಯಿತು. ಯಾವ ಅಂಗ ಹೋಯಿತು ಎಂಬುದಕ್ಕಿಂತ ಯಾವ ಕೆಲಸ ಕೈತಪ್ಪಿತು ಎಂಬುದು ಮುಖ್ಯ. ಮಿದುಳಿಗೆ ಪೆಟ್ಟಾದವರ ಪಾಲಿಗೆ ಇಷ್ಟು ದೊಡ್ಡ ಆಸರೆ ಕಾನೂನಿನಲ್ಲಿ ಬೇರೆ ಇಲ್ಲ. ಆದರೆ ಆ ಆಸರೆಯ ತನಕ ಹೋಗಲು ಕೈಯಲ್ಲಿ ಕಾಗದ ಬೇಕು. ಕಾಗದ ಹುಟ್ಟುವುದು, ಇಲ್ಲವೇ ಕೆಡುವುದು, ಆಸ್ಪತ್ರೆಯ ಮೊದಲ ರಾತ್ರಿಯಲ್ಲಿ.

ಎರಡನೇ ಮಹಡಿಯ ಸೆಂಟ್ರಿಂಗ್ ಹಲಗೆ ಜಾರಿ ಆಳು ಕೆಳಗೆ ಬೀಳುತ್ತಾನೆ ಎಂದುಕೊಳ್ಳಿ. ಜೊತೆಯವರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ಡ್ಯೂಟಿ ಡಾಕ್ಟರು ‘ಏನಾಯ್ತು?’ ಎಂದಾಗ ಉತ್ತರ ಕೊಡುವವನು ಪೆಟ್ಟು ತಿಂದವನಲ್ಲ, ಅವನಿಗೆ ಎಚ್ಚರವಿಲ್ಲ. ಮೇಸ್ತ್ರಿಯೋ, ಸೈಟಿನ ಮತ್ತೊಬ್ಬನೋ ಬಾಯಿ ಬಿಡಬೇಕು. ಪೊಲೀಸ್ ಕೇಸು ಯಾಕೆ, ಖರ್ಚನ್ನು ಸಾವ್ಕಾರ್ರು ನೋಡ್ಕೋತಾರಂತೆ ಎಂಬ ಮಾತು ಅಷ್ಟರಲ್ಲಾಗಲೇ ನಡೆದಿರುತ್ತದೆ. ‘ಮನೇಲಿ ಮೆಟ್ಟಿಲ ಮೇಲಿಂದ ಬಿದ್ದ ಸಾರ್’ ಎನ್ನುತ್ತಾರೆ. ಡಾಕ್ಟರು ಅದನ್ನೇ ಬರೆಯುತ್ತಾರೆ. ಹೇಳಿದವನಲ್ಲಿ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ, ಚಿಕಿತ್ಸೆ ಬೇಗ ಶುರುವಾಗಲಿ ಎಂಬ ಆತುರವೂ ಇರಬಹುದು. ಆದರೆ ವರ್ಷದ ನಂತರ ಕೋರ್ಟಿನಲ್ಲಿ ವಿಮಾ ಕಂಪನಿಯ ವಕೀಲರು ಮೊದಲು ಓದುವುದು ಆ ಒಂದು ಸಾಲನ್ನು. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂಬ ಆಸ್ಪತ್ರೆಯ ದಾಖಲೆ) ಆಗಿಲ್ಲ, ಠಾಣೆಯಲ್ಲಿ ದೂರಿಲ್ಲ, ಕೇಸ್ ಶೀಟಿನಲ್ಲಿ ಮನೆಯಲ್ಲಿ ಬಿದ್ದದ್ದೆಂದಿದೆ. ಅವಘಡ ‘ಕೆಲಸದಿಂದ ಮತ್ತು ಕೆಲಸದ ಅವಧಿಯಲ್ಲಿ’ ಆಗಿರಬೇಕೆಂಬ ಕಾಯ್ದೆಯ ಮೂಲ ಷರತ್ತಿಗೇ ಅದು ಕುತ್ತು ತರುತ್ತದೆ.

ಇನ್ನೊಂದು ಸಂಗತಿಯಿದೆ. ತಲೆಗೆ ಪೆಟ್ಟಾದವನ ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ, ವಾಂತಿ ಬರುತ್ತದೆ. ಕುಡಿದವನ ಲಕ್ಷಣಗಳೂ ಇವೇ. ಆ ಅನುಮಾನ ಆಸ್ಪತ್ರೆಯ ಹಾಳೆಯ ಮೇಲೆ ಬಿದ್ದರೆ ಮುಂದೆ ಅದೂ ವಾದವಾಗುತ್ತದೆ. ಕುಡಿದಿದ್ದರಿಂದಲೇ ಅವಘಡ ಆಯಿತೆಂದು ಸಾಬೀತಾದರೆ ಮಾಲೀಕರ ಹೊಣೆ ತಪ್ಪಬಹುದು. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗಿದ್ದರೆ ಆ ವಿನಾಯಿತಿ ನಡೆಯುವುದಿಲ್ಲ. ಕಾಯ್ದೆಯ ಈ ಎರಡನೇ ಭಾಗ ಸಂತ್ರಸ್ತರ ಮನೆಯವರ ಕಿವಿಗೆ ಬೀಳುವುದು ಕಡಿಮೆ.

ಪೆಟ್ಟಿನ ತೀವ್ರತೆಯನ್ನು ಆಸ್ಪತ್ರೆಯಲ್ಲಿ ಅಳೆಯುವುದು ಗ್ಲಾಸ್ಗೊ ಕೋಮಾ ಮಾಪಕದಿಂದ. 1974ರಿಂದ ಬಳಕೆಯಲ್ಲಿರುವ ಈ ಮಾಪಕ ಕಣ್ಣು ತೆರೆಯುವುದು, ಮಾತಾಡುವುದು, ಕೈಕಾಲು ಆಡಿಸುವುದು ಇವುಗಳನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತದೆ. 15 ಬಂದರೆ ಮನುಷ್ಯ ಎಚ್ಚರವಾಗಿದ್ದಾನೆ ಎಂದರ್ಥ, ಮಿದುಳು ಮೊದಲಿನಂತಿದೆ ಎಂದಲ್ಲ. ಸಿಟಿ ಸ್ಕ್ಯಾನ್ ಕೂಡ ಎಲ್ಲವನ್ನೂ ಹಿಡಿಯುವುದಿಲ್ಲ. ರಕ್ತಸ್ರಾವ, ಬುರುಡೆಯ ಬಿರುಕು ಅದರಲ್ಲಿ ಕಾಣುತ್ತವೆ, ನರತಂತುಗಳು ಸೂಕ್ಷ್ಮವಾಗಿ ಹರಿದದ್ದು ಎಷ್ಟೋ ಸಲ ಕಾಣುವುದಿಲ್ಲ. ಮಿದುಳಿನ ಹೊರಪೊರೆಯ ಕೆಳಗೆ ನಿಧಾನವಾಗಿ ತುಂಬಿಕೊಳ್ಳುವ ರಕ್ತ ವಾರಗಟ್ಟಲೆ ಕಳೆದ ಮೇಲೆ ತೊಂದರೆ ಕೊಡಬಹುದು. ಫಿಟ್ಸ್ ತಿಂಗಳುಗಳ ನಂತರವೂ ಶುರುವಾಗಬಹುದು. ಹಣೆಯ ಹಿಂಭಾಗದ ಮಿದುಳಿಗೆ ಏಟಾದರೆ ನೆನಪು, ಲೆಕ್ಕಾಚಾರ, ಸಿಟ್ಟಿನ ಮೇಲಿನ ಹಿಡಿತ, ಕೆಲಸ ಮಾಡಬೇಕೆಂಬ ಆಸೆ ಎಲ್ಲ ಏರುಪೇರಾಗುತ್ತವೆ.

ಮನೆಯಲ್ಲಿ ಇದನ್ನು ‘ಮೊದ್ಲಿನಂಗಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳುತ್ತಾರೆ. ಕೋರ್ಟಿಗೆ ಆ ಮಾತು ಸಾಲದು. ಹಾಗೆಂದರೇನು ಎಂದು ಹೆಂಡತಿ ಬಿಡಿಸಿ ಹೇಳಬೇಕಾಗುತ್ತದೆ. ಗ್ಯಾಸ್ ಹಚ್ಚಿ ಮರೆಯುತ್ತಾನೆ. ಅಂಗಡಿಗೆ ಕಳಿಸಿದರೆ ಚಿಲ್ಲರೆ ಎಣಿಸಲಾಗದೆ ಬರುತ್ತಾನೆ. ಮಹಡಿಯ ಅಂಚಿಗೆ ಹೋದರೆ ತಲೆ ತಿರುಗುತ್ತದೆ. ಮಕ್ಕಳ ಸದ್ದಿಗೆ ಕೈ ಎತ್ತುತ್ತಾನೆ. ಇಂಥವನ್ನು ತೂಗಿ ನೋಡುವ ನರಮನೋವೈಜ್ಞಾನಿಕ ಪರೀಕ್ಷೆಗಳಿವೆ. ನಮ್ಮ ಭಾಗದವರಿಗೆ ಇದಕ್ಕೆ ನೆನಪಾಗುವ ಜಾಗ ಬೆಂಗಳೂರಿನ ನಿಮ್ಹಾನ್ಸ್. ಒಂದು ದಿನದ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು, ಇನ್ನೂರು ಕಿಲೋಮೀಟರ್‌ಗೂ ದೂರ ಮತ್ತೆ ಮತ್ತೆ ಹೋಗಿಬರುವುದು ಎಲ್ಲರಿಂದಲೂ ಆಗುವ ಮಾತಲ್ಲ. ಹೀಗಾಗಿ ಆ ಪರೀಕ್ಷೆಯ ವರದಿಯೇ ಇಲ್ಲದೆ ಪ್ರಕರಣಗಳು ನಡೆಯುತ್ತವೆ.

ಸಾಕ್ಷಿ ಹೇಳಲು ಬರುವ ವೈದ್ಯರಿಗೆ ಪಾಟೀಸವಾಲಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಚಿಕಿತ್ಸೆ ಕೊಟ್ಟವರು ನೀವೇನಾ? ಎಷ್ಟು ಸಲ ನೋಡಿದ್ದೀರಿ? ಸ್ಕ್ಯಾನ್ ನಾರ್ಮಲ್ ಇದೆ ತಾನೇ? ಕೈಕಾಲಿನ ಶಕ್ತಿ ಸರಿಯಿದೆ ತಾನೇ? ಇಲ್ಲೊಂದು ದೊಡ್ಡ ಗೊಂದಲ ನುಸುಳುತ್ತದೆ. ಅಂಗವಿಕಲರ ಗುರುತಿನ ಚೀಟಿಗೆಂದು ಕೊಡುವ ಶೇಕಡಾ ದೇಹದ ಅಥವಾ ಮನಸ್ಸಿನ ಊನವನ್ನು ಹೇಳುತ್ತದೆ. ಪರಿಹಾರದ ಕಾಯ್ದೆ ಕೇಳುವುದು ದುಡಿಯುವ ಶಕ್ತಿಯ ನಷ್ಟವನ್ನು. ಶೇ 20 ಊನವಿರುವ ಗುಮಾಸ್ತ ಕುರ್ಚಿಯಲ್ಲಿ ಕೂತು ಕೆಲಸ ಮಾಡಿಯಾನು. ಅಷ್ಟೇ ಊನವಿರುವ, ಫಿಟ್ಸ್ ಬರುವ ಲಾರಿ ಚಾಲಕನನ್ನು ಯಾರೂ ಸ್ಟೇರಿಂಗ್ ಮುಂದೆ ಕೂರಿಸುವುದಿಲ್ಲ, ಕೂರಿಸಲೂಬಾರದು. 1975ರ ತೀರ್ಪನ್ನು ಅದರ ಅರ್ಥಕ್ಕೆ ತಕ್ಕಂತೆ ಓದಿದರೆ ಆ ಚಾಲಕನ ನಷ್ಟ ಶೇ 100ರ ಹತ್ತಿರ ಹೋಗಬೇಕು.

ಈ ವ್ಯತ್ಯಾಸ ರೂಪಾಯಿಯಲ್ಲಿ ಎಷ್ಟಾಗುತ್ತದೆ ನೋಡಿ. ಪೂರ್ಣ ಅಂಗವೈಕಲ್ಯಕ್ಕೆ ತಿಂಗಳ ವೇತನದ ಶೇ 60ನ್ನು ವಯಸ್ಸಿಗೆ ನಿಗದಿಯಾದ ಅಂಶದಿಂದ ಗುಣಿಸುತ್ತಾರೆ. ಸಾವಿಗೆ ಶೇ 50. 30 ವರ್ಷದವರಿಗೆ ಆ ಅಂಶ 207.98. ದುಡಿಮೆ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವ ವೇತನಕ್ಕೆ ಮಿತಿಯಿದೆ. 2000ನೇ ಇಸವಿಯ ಕೊನೆಯಲ್ಲಿ ಅದು 4,000 ರೂಪಾಯಿ, 2010ರ ಮೇ 31ರಿಂದ 8,000, 2020ರ ಜನವರಿ 3ರಿಂದ 15,000. ಮೊದಲ ಮಿತಿಯಲ್ಲಿ 30 ವರ್ಷದವನಿಗೆ ಗರಿಷ್ಠ 4,99,152 ರೂಪಾಯಿ, ಎರಡನೆಯದರಲ್ಲಿ 9,98,304, ಮೂರನೆಯದರಲ್ಲಿ 18,71,820. ಹತ್ತು ವರ್ಷ ಕದಲದೆ ನಿಂತ ಮಿತಿಯ ಭಾರವನ್ನು ಹೊತ್ತದ್ದು ಆ ಹತ್ತು ವರ್ಷಗಳಲ್ಲಿ ಪೆಟ್ಟು ತಿಂದವರು. ಇನ್ನು ವೈದ್ಯರು ಶೇ 20 ಎಂದು ಬರೆದು ಅದನ್ನೇ ಗಳಿಕೆಯ ನಷ್ಟವೆಂದು ಹಿಡಿದರೆ 18,71,820 ಇದ್ದದ್ದು 3,74,364ಕ್ಕೆ ಇಳಿಯುತ್ತದೆ. ಚಿಕಿತ್ಸೆಗೆ ಆದ ನಿಜ ಖರ್ಚನ್ನು ಇದರ ಮೇಲೆ ಕೊಡಬೇಕೆಂಬ ನಿಯಮ 2009ರ ತಿದ್ದುಪಡಿಯಿಂದ ಬಂದದ್ದು. ಕಾಯ್ದೆಯ ಹೆಸರು ನೌಕರರ ಪರಿಹಾರ ಕಾಯ್ದೆ ಎಂದಾದದ್ದೂ ಅದೇ ತಿದ್ದುಪಡಿಯಲ್ಲಿ.

ಕಾಗದದ ಮೇಲೆ ಕಾಯ್ದೆ ದುಡಿಯುವವನ ಕಡೆಗೇ ಇದೆ. ಪರಿಹಾರ ಒಂದು ತಿಂಗಳೊಳಗೆ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 12 ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ ಶೇ 50ರವರೆಗೆ ದಂಡ. ವಿಮೆ ಇದ್ದರೂ ದಂಡದ ಹೊರೆ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿದೆ. ಮಾಲೀಕರು ತಮ್ಮ ವ್ಯವಹಾರದ ಕೆಲಸವನ್ನೇ ಗುತ್ತಿಗೆಗೆ ಕೊಟ್ಟಿದ್ದರೆ ಗುತ್ತಿಗೆದಾರನ ಆಳಿಗೂ ಅವರೇ ಹೊಣೆ, ಆಮೇಲೆ ಅವರು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ‘ಇನ್ನು ಏನೂ ಕೇಳುವುದಿಲ್ಲ’ ಎಂದು ಛಾಪಾ ಕಾಗದದಲ್ಲಿ ಸಹಿ ಹಾಕಿಸಿಕೊಂಡ ರಾಜಿ ಪತ್ರಕ್ಕೆ ಬೆಲೆಯಿಲ್ಲ, ಕಾಯ್ದೆ ಕೊಟ್ಟ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದವೇ ಅಸಿಂಧು. ಆದರೂ ಇಂಥ ರಾಜಿಗಳು ನಡೆಯುತ್ತಲೇ ಇವೆ. ಮೊದಲ ತಿಂಗಳಲ್ಲಿ ಕೈಗೆ ಬಂದ ಐವತ್ತು ಸಾವಿರ ಆ ಹೊತ್ತಿಗೆ ದೊಡ್ಡ ಮೊತ್ತವಾಗಿ ಕಾಣುತ್ತದೆ, ಫಿಟ್ಸ್ ಆಗಿನ್ನೂ ಶುರುವಾಗಿರುವುದಿಲ್ಲ. ಅರ್ಜಿಗೆ ಕಾಯ್ದೆ ಕೊಟ್ಟದ್ದು ಎರಡು ವರ್ಷ. ತಡಕ್ಕೆ ಸಾಕಷ್ಟು ಕಾರಣವಿದ್ದರೆ ಆಮೇಲೂ ಸ್ವೀಕರಿಸಬಹುದು. ನಿಧಾನವಾಗಿ ಮೇಲೆ ಬರುವ ಮಿದುಳಿನ ಗಾಯದಲ್ಲಿ ಆ ಕಾರಣ ವೈದ್ಯಕೀಯ ದಾಖಲೆಯಲ್ಲೇ ಸಿಗುತ್ತದೆ.

ರಾಜ್ಯದಲ್ಲಿ ಮೊದಲು ಕಾರ್ಮಿಕ ಅಧಿಕಾರಿಗಳೇ ಆಯುಕ್ತರಾಗಿ ಈ ಪ್ರಕರಣಗಳನ್ನು ನಡೆಸುತ್ತಿದ್ದರು. ನಂತರ ಅವು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಹೋದವು. ಮೂರು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳಿದರೂ ಸಾಕ್ಷಿ ಹೇಳಲು ವೈದ್ಯರು ಬರುವುದೇ ಅದಕ್ಕಿಂತ ತಡವಾಗುವುದುಂಟು. ವಾಸ್ತವಾಂಶಗಳ ಬಗ್ಗೆ ಆಯುಕ್ತರ ಸ್ಥಾನದಲ್ಲಿ ಕೂತವರದ್ದೇ ಕೊನೆಯ ಮಾತು, ಹೈಕೋರ್ಟು ಮುಖ್ಯವಾದ ಕಾನೂನು ಪ್ರಶ್ನೆಯನ್ನಷ್ಟೇ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ. ಕೆಳಗಿನ ಹಂತದಲ್ಲಿ ವೈದ್ಯರ ಸಾಕ್ಷ್ಯ ಗಟ್ಟಿಯಾಗಿ ದಾಖಲಾಗಬೇಕು ಎಂಬುದಕ್ಕೆ ಇದೂ ಒಂದು ಕಾರಣ.

ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ ಈ ದಾರಿ ಮುಚ್ಚಿದೆ. 2017ರಿಂದ 21,000 ರೂಪಾಯಿವರೆಗಿನ ವೇತನದವರು ಅದರಲ್ಲಿ ಬರುತ್ತಾರೆ, ಅವರಿಗೆ ಇಡಿಗಂಟಿನ ಬದಲು ತಿಂಗಳ ಪಿಂಚಣಿ. ಲಾರಿ ಚಾಲಕ, ಕ್ಲೀನರ್‌ಗಳು ಮೋಟಾರು ವಾಹನ ಕಾಯ್ದೆ ಅಥವಾ ಪರಿಹಾರದ ಕಾಯ್ದೆ ಎರಡರಲ್ಲಿ ಒಂದನ್ನು ಆರಿಸಬೇಕು. ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಹಾಯುವ ಹೆದ್ದಾರಿ 48ರಲ್ಲಿ ದುಡಿಯುವವರಿಗೆ ಈ ಆಯ್ಕೆ ಬಹಳ ಮುಖ್ಯ. ಎದುರಿನ ವಾಹನದ ತಪ್ಪಿದ್ದರೆ ಮೋಟಾರು ಕಾಯ್ದೆಯಲ್ಲಿ ನೋವು, ಆರೈಕೆ, ಮುಂದಿನ ಗಳಿಕೆಗೂ ಹಣ ಕೇಳಬಹುದು. ತಪ್ಪು ತನ್ನದೇ ಎಂದಾದರೆ ಚಾಲಕನಿಗೆ ಉಳಿಯುವುದು ಪರಿಹಾರದ ಕಾಯ್ದೆಯೇ.

ಹೊಸ ಸಂಹಿತೆ ಈ ಚೌಕಟ್ಟನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಂಡಿದೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯ ಅವಘಡವೂ, ಕೆಲಸದ ಜೊತೆ ನಂಟಿರುವುದು ಕಂಡುಬಂದರೆ, ಕೆಲಸದ ಅವಘಡ ಎಂಬುದು ಅದರಲ್ಲಿ ನೇರವಾಗಿಯೇ ಸೇರಿದೆ. ಸಂಹಿತೆ ಜಾರಿಗೆ ಬರುವ ನಾಲ್ಕು ತಿಂಗಳು ಮುಂಚೆ, 2025ರ ಜುಲೈನಲ್ಲಿ, ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆಯ ಕಾಯ್ದೆಯಡಿಯೇ ಇದನ್ನು ಒಪ್ಪಿತ್ತು. ಅವನು ನಸುಕಿನ ಪಾಳಿಗೆ ಹೊರಟು ದಾರಿಯಲ್ಲಿ ಸತ್ತದ್ದು 2003ರಲ್ಲಿ.

ಮೊಳಕಾಲ್ಮುರು, ಚಳ್ಳಕೆರೆ, ಜಗಳೂರು ಕಡೆಯಿಂದ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದವರು ಪೆಟ್ಟು ತಿಂದು ಊರಿಗೆ ಮರಳಿದ ಮೇಲೆ, ಕೇಸು ಹಾಕಲು ಬೆಂಗಳೂರಿಗೇ ಹೋಗಬೇಕೆಂದು ಕೈಚೆಲ್ಲಿ ಕೂರುವುದುಂಟು. 1923ರ ಕಾಯ್ದೆಯಡಿ ಬರುವ ಅವಘಡಗಳಿಗೆ ಅದರ ಅಗತ್ಯವಿಲ್ಲ. ಅರ್ಜಿದಾರರು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಲು ಅದರ 21ನೇ ಕಲಂ ಅವಕಾಶ ಕೊಡುತ್ತದೆ. ಬೆಂಗಳೂರಿನ ಆಸ್ಪತ್ರೆಯ ಕೇಸ್ ಶೀಟಿನ ದೃಢೀಕೃತ ಪ್ರತಿಯನ್ನು ಮಾತ್ರ ಊರಿಗೆ ಹೊರಡುವ ಮೊದಲೇ ಕೇಳಿ ಪಡೆದುಕೊಳ್ಳಬೇಕು, ಪೆಟ್ಟು ಹೇಗಾಯಿತೆಂದು ಅದರಲ್ಲಿ ಬರೆದಿರುವುದನ್ನು ಓದಬಲ್ಲ ಯಾರಿಂದಲಾದರೂ ಅಲ್ಲೇ ಓದಿಸಿಕೊಳ್ಳಬೇಕು.