ಮೀನು ಬೇಯಿಸದ ಮನೆಯಲ್ಲಿ ಮೀನಿನ ವಾಸನೆ

ಆಲ್ದೂರಿನಿಂದ ಆಚೆ, ಕಾಫಿ ತೋಟದ ನಡುವಿನ ಹೋಂಸ್ಟೇಯೊಂದರಿಂದ ಶನಿವಾರ ರಾತ್ರಿ ಹತ್ತೂವರೆಗೆ ಫೋನ್ ಬಂತು. ಯಜಮಾನರು ಮಳೆ, ಬೆಳೆ, ಕಾಫಿ ದರ ಎಲ್ಲ ವಿಚಾರಿಸಿಕೊಂಡ ಮೇಲೆಯೇ ವಿಷಯಕ್ಕೆ ಬರುವವರು. ಅಂದು ಪೀಠಿಕೆಯೇ ಇರಲಿಲ್ಲ. "ಮಾರಾಯರೇ, ಬೆಂಗಳೂರಿನಿಂದ ಬಂದವರು ಕರೆಂಟಿನ ಕಾರನ್ನು ಚಾರ್ಜಿಗೆ ಹಾಕಿದ್ದಾರೆ. ಜಗಲಿ ತುಂಬ ಮೀನಿನ ವಾಸನೆ. ನಮ್ಮ ಮನೆಯಲ್ಲಿ ಮೀನು ಬೇಯಿಸುವವರೇ ಇಲ್ಲ. ಬ್ಯಾಟರಿ ಕೆಟ್ಟಿತೋ ಏನೋ!"

ವಾಸನೆ ಕಾರಿನ ಹತ್ತಿರ ಜಾಸ್ತಿಯೋ, ಗೋಡೆಯ ಹತ್ತಿರವೋ ಎಂದು ಕೇಳಿದೆ. ಫೋನ್ ಹಿಡಿದುಕೊಂಡೇ ಹೋಗಿ ನೋಡಿದರು. ಗೋಡೆಯ ಹತ್ತಿರ. ನನಗೆ ಅರ್ಧ ಸಮಾಧಾನವಾಯಿತು. ಮೊದಲು ಕಾರಿನವರಿಗೆ ಹೇಳಿ ಕಾರಿನಿಂದಲೇ ಚಾರ್ಜ್ ನಿಲ್ಲಿಸಿ, ಆಮೇಲೆ ಎಂಸಿಬಿ (ಲೋಡ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಕೆಳಗಿಳಿಸಿ, ಪ್ಲಗ್ ಮುಟ್ಟಬೇಡಿ, ಬೆಳಿಗ್ಗೆ ಬರುತ್ತೇನೆ ಎಂದೆ.

ಈ ಕ್ರಮಕ್ಕೆ ಕಾರಣವಿದೆ. ವಾಸನೆ ಬಂದೊಡನೆ ಎಲ್ಲರ ಕೈಯೂ ನೇರವಾಗಿ ಪ್ಲಗ್‌ಗೆ ಹೋಗುತ್ತದೆ. ಹದಿನಾಲ್ಕು ಹದಿನೈದು ಆಂಪಿಯರ್ ಹರಿಯುತ್ತಿರುವಾಗ ಪ್ಲಗ್ ಕಿತ್ತರೆ ಪಿನ್ನಿನ ತುದಿಯಲ್ಲಿ ಕಿಡಿ ಹಾರುತ್ತದೆ. ಮೆತ್ತಗಾದ ಪ್ಲಾಸ್ಟಿಕ್ ಕೈಯಲ್ಲೇ ಕಳಚಿ ಬಂದು ಒಳಗಿನ ಹಿತ್ತಾಳೆ ಬೆರಳಿಗೆ ಸಿಕ್ಕರೂ ಸಿಕ್ಕಿತು. ಕಾರಿನಿಂದ ನಿಲ್ಲಿಸಿದರೆ ಪ್ರವಾಹ ಮೊದಲೇ ಇಳಿದಿರುತ್ತದೆ. ಹೊಗೆಯೋ ಬೆಂಕಿಯೋ ಕಣ್ಣಿಗೆ ಕಂಡರೆ ಮಾತ್ರ ಇದ್ಯಾವುದೂ ಬೇಡ, ಓಡಿಹೋಗಿ ಮೈನ್ ಸ್ವಿಚ್ ಆರಿಸುವುದೇ ಸರಿ.

ಇನ್ನು ಮೀನಿನ ವಿಷಯ. ಸ್ವಿಚ್, ಸಾಕೆಟ್‌ಗಳ ಗಟ್ಟಿ ಬಿಳಿ ಮೈಯನ್ನು ಯೂರಿಯಾ ಫಾರ್ಮಾಲ್ಡಿಹೈಡ್ ಎಂಬ ರಾಳದಿಂದ ಮಾಡುವುದುಂಟು. ಅದು ಮಿತಿಮೀರಿ ಕಾದಾಗ ಹಳಸಿದ ಮೀನಿನದೋ ಮೂತ್ರದ್ದೋ ಅನ್ನಿಸುವ ವಾಸನೆ ಬರುತ್ತದೆ. ವೈರಿನ ಮೇಲಿನ ಪಿವಿಸಿ ಕಾದರೆ ಬರುವುದೇ ಬೇರೆ: ಗಂಟಲಿಗೆ ಹಿಡಿದು ಕೆಮ್ಮಿಸುವ ಘಾಟು. ನಮ್ಮ ಕಸುಬಿನಲ್ಲಿ ಮೂಗಿಗೂ ಸಂಬಳ ಕೊಡಬೇಕು.

ಬೆಳಿಗ್ಗೆ ಹೋಗಿ ಬೋರ್ಡ್ ಬಿಚ್ಚಿದೆ. ಜಗಲಿಯ ಆ ಪವರ್ ಪ್ಲಗ್ ಹಾಕಿದ್ದು ಗೀಸರಿಗೆಂದು. ಸೋಲಾರ್ ಬಂದ ಮೇಲೆ ಖಾಲಿ ಉಳಿದಿತ್ತು. ಕಾರಿನ ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ಎರಡು ಹೊಳೆಯುತ್ತಿದ್ದವು. ನ್ಯೂಟ್ರಲ್ ಪಿನ್ ಮಾತ್ರ ಬುಡದವರೆಗೆ ನೀಲಿಗಪ್ಪು. ಸಾಕೆಟ್ಟಿನ ಹಿಂದೆ ಅದೇ ಬದಿಯ ವೈರಿನ ಹೊದಿಕೆ ಎರಡು ಇಂಚಿನಷ್ಟು ಕಂದಾಗಿ, ಬಗ್ಗಿಸಿದರೆ ಸುಟ್ಟ ಹಪ್ಪಳದಂತೆ ಮುರಿಯುತ್ತಿತ್ತು. ಸ್ಕ್ರೂಗೆ ಸ್ಕ್ರೂಡ್ರೈವರ್ ಕೊಟ್ಟರೆ ಒಂದೂವರೆ ಸುತ್ತು ಸಲೀಸಾಗಿ ತಿರುಗಿತು. ಹಾಕಿದವನು ಜೇಬಿನ ಟೆಸ್ಟರಿನಲ್ಲೇ ಬಿಗಿದಿದ್ದಾನೆ. ಟೆಸ್ಟರಿನ ತೆಳ್ಳಗಿನ ತುದಿಗೆ ಪವರ್ ಪ್ಲಗ್ಗಿನ ಸ್ಕ್ರೂ ಬಿಗಿಯುವ ಶಕ್ತಿ ಇಲ್ಲ. ಅದು ಕರೆಂಟ್ ಇದೆಯೋ ಇಲ್ಲವೋ ನೋಡುವ ಸಾಧನ, ಅಷ್ಟೇ. ನಮ್ಮ ಹುಡುಗರಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ಯಜಮಾನರ ಪ್ರಶ್ನೆ ನ್ಯಾಯವಾದದ್ದೇ: "ಹತ್ತು ವರ್ಷ ಗೀಸರ್ ಓಡಿದೆ, ಏನೂ ಆಗಲಿಲ್ಲ. ಕಾರಿಗೆ ಒಂದೇ ರಾತ್ರಿಯಲ್ಲಿ ಸುಡಬೇಕೇ?"

ಎರಡು ಕಿಲೋವ್ಯಾಟಿನ ಗೀಸರ್ ಎಳೆಯುವುದು ಒಂಬತ್ತು ಆಂಪಿಯರಿನ ಆಸುಪಾಸು, ಅದೂ ಇಪ್ಪತ್ತು ನಿಮಿಷ. ನೀರು ಕಾದೊಡನೆ ತಾನೇ ಆರಿ, ಸಾಕೆಟ್ ತಣ್ಣಗಾಗಲು ಬಿಡುವು ಕೊಡುತ್ತದೆ. ಕಾರಿನ ಜೊತೆ ಬರುವ ಮೂರು ಪಿನ್ನಿನ ಚಾರ್ಜರ್ ಹಾಗಲ್ಲ. ಹದಿಮೂರರಿಂದ ಹದಿನೈದು ಆಂಪಿಯರ್ ಹಿಡಿದರೆ, 40 ಯೂನಿಟ್ಟಿನ ಬ್ಯಾಟರಿ ಬಹುಪಾಲು ಖಾಲಿಯಾಗಿದ್ದಲ್ಲಿ, ಹತ್ತು ಹನ್ನೊಂದು ಗಂಟೆ ಬಿಡುವುದಿಲ್ಲ. ಮನೆಯಲ್ಲಿ ಇಷ್ಟು ಲೋಡನ್ನು ಇಷ್ಟು ಹೊತ್ತು ಒಂದೇ ಸಮನೆ ಎಳೆಯುವ ವಸ್ತು ಇನ್ನೊಂದಿಲ್ಲ.

ಇದರ ಲೆಕ್ಕವನ್ನು ಇಂಗ್ಲೆಂಡಿನ ಜೇಮ್ಸ್ ಜೌಲ್ 1840ರ ದಶಕದಲ್ಲೇ ಬರೆದಿಟ್ಟಿದ್ದಾನೆ. ಶಾಖ ಏರುವುದು ಪ್ರವಾಹದ ವರ್ಗಕ್ಕೆ ತಕ್ಕಂತೆ. ಸಡಿಲ ಸ್ಕ್ರೂವಿನ ಕೆಳಗೆ ಕೇವಲ 0.1 ಓಮ್ ತಡೆ ಇದೆ ಎಂದುಕೊಳ್ಳಿ. ಹದಿನೈದು ಆಂಪಿಯರ್ ಹರಿದರೆ ಅಲ್ಲಿ ಹುಟ್ಟುವ ಶಾಖ 22.5 ವ್ಯಾಟ್. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು, ಅದರಲ್ಲಿ ಸೀಸ ಕರಗುತ್ತದೆ. ಅಂಥದ್ದೊಂದನ್ನು ಗೋಡೆಯೊಳಗೆ ಮುಚ್ಚಿಟ್ಟು ಮಲಗಿದ ಹಾಗೆ. ಕಾದ ಹಿತ್ತಾಳೆ ಪಟ್ಟಿ ತನ್ನ ಬಿಗಿ ಕಳೆದುಕೊಳ್ಳುತ್ತದೆ, ಬಿಗಿ ಹೋದರೆ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದರೆ ಇನ್ನಷ್ಟು ಕಾವು.

"ಎಂಸಿಬಿ ಇದೆಯಲ್ಲ, ಬೀಳಲಿಲ್ಲವೇಕೆ?" ಎಂದು ಕೇಳದವರೇ ಇಲ್ಲ. ಎಂಸಿಬಿಗೆ ಗೊತ್ತಾಗುವುದು ಎರಡೇ ಸಂಗತಿ, ಮಿತಿಮೀರಿದ ಲೋಡ್ ಮತ್ತು ಶಾರ್ಟ್ ಸರ್ಕೀಟ್. 16 ಆಂಪಿಯರಿನ ಎಂಸಿಬಿ 18 ಆಂಪಿಯರ್ ಹರಿದರೂ ಒಂದು ಗಂಟೆಯೊಳಗೆ ಬೀಳಬೇಕಿಲ್ಲ. 23 ಮುಟ್ಟಿದರೆ ಗಂಟೆಯೊಳಗೆ ಬೀಳಬೇಕು. ಅದನ್ನು ಮಾಡಿರುವುದೇ ಹಾಗೆ. ಸಡಿಲ ಜಾಯಿಂಟಿನಲ್ಲಿ ಪ್ರವಾಹ ಹದಿನಾಲ್ಕೇ ಇರುತ್ತದೆ, ಎಳ್ಳಷ್ಟೂ ಹೆಚ್ಚಾಗುವುದಿಲ್ಲ. ಅರ್ಥಿಂಗಿಗೆ ಸೋರಿಕೆಯೂ ಇಲ್ಲ, ಹಾಗಾಗಿ ಅಂಥ ಸೋರಿಕೆ ಕಂಡರೆ ಕರೆಂಟ್ ಕಡಿಯುವ ಆರ್‌ಸಿಸಿಬಿಗೂ ಸುದ್ದಿ ಮುಟ್ಟುವುದಿಲ್ಲ. ಪ್ಲಗ್ಗಿನೊಳಗೇ ಶಾಖ ಅಳೆಯುವ ಸಂವೇದಕ ಇಟ್ಟಿರುವ ಚಾರ್ಜರುಗಳು ಬಂದಿವೆ, ಅವು ತಾವೇ ಪ್ರವಾಹ ತಗ್ಗಿಸುತ್ತವೆ ಅಥವಾ ನಿಲ್ಲಿಸುತ್ತವೆ. ಮಿಕ್ಕ ಕಡೆ ಎಚ್ಚರಿಸುವುದು ಮೂಗು ಮತ್ತು ಕೈ.

ಹೊಸ ಸಾಕೆಟ್ ಹಾಕಿದೆ. ಸುಟ್ಟ ವೈರನ್ನು ಆರೋಗ್ಯವಾದ ತಾಮ್ರ ಕಾಣುವವರೆಗೆ ಕತ್ತರಿಸಿ, ತುದಿಗೆ ಲೋಹದ ಲಗ್ ಒತ್ತಿ ಬಿಗಿದೆ. ಕೆಲಸ ಮುಗಿಯಿತೆಂದು ಕಾಫಿಯೂ ಬಂತು. ಅಭ್ಯಾಸಬಲದಿಂದ ಮೀಟರ್ ಹಿಡಿದೆ.

ಈ ಪರೀಕ್ಷೆಯನ್ನು ಓದುಗರು ತಾವೇ ಮಾಡಬೇಡಿ, ಆದರೆ ನಿಮ್ಮ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿ, ಪಕ್ಕದಲ್ಲಿ ನಿಂತು ಅಂಕಿ ಬರೆದುಕೊಳ್ಳಿ. ಚಾರ್ಜ್ ನಡೆಯುತ್ತಿರುವಾಗ ಮೀಟರ್ ಬೋರ್ಡಿನಲ್ಲಿ ಒಮ್ಮೆ, ಸಾಕೆಟ್ಟಿನ ಬಳಿ ಒಮ್ಮೆ ವೋಲ್ಟೇಜ್ ನೋಡಬೇಕು. ಅಂದು ಬೋರ್ಡಿನಲ್ಲಿ 226, ಜಗಲಿಯಲ್ಲಿ 216. ಹತ್ತು ವೋಲ್ಟ್ ದಾರಿಯಲ್ಲಿ ಕಳೆದಿದೆ. 2.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್ ತಡೆ. ಬೋರ್ಡಿನಿಂದ ಜಗಲಿಗೆ ಮೂವತ್ತು ಮೀಟರ್, ಹೋಗಿ ಬರಲು ಅರವತ್ತು. ಹದಿನಾಲ್ಕು ಆಂಪಿಯರಿಗೆ ಆರು ವೋಲ್ಟ್ ವೈರಿನಲ್ಲಿ ಹೋಗಿದ್ದು ನ್ಯಾಯ. ಉಳಿದ ನಾಲ್ಕು ಎಲ್ಲಿ? ನಾಲ್ಕನ್ನು ಹದಿನಾಲ್ಕರಿಂದ ಗುಣಿಸಿದರೆ 56 ವ್ಯಾಟ್. ಮನೆಯಲ್ಲಿ ಎಲ್ಲೋ ಒಂದು ಕಡೆ ಹಳೆಯ ಅರವತ್ತು ವ್ಯಾಟ್ ಬಲ್ಬಿನಷ್ಟು ಕಾವು ಉರಿಯುತ್ತಿದೆ.

ಚಾರ್ಜ್ ನಿಲ್ಲಿಸಿ, ಕರೆಂಟ್ ತೆಗೆದು ಹುಡುಕಿದರೆ ಸಿಕ್ಕಿದ್ದು ಅಟ್ಟದಲ್ಲಿ. ಹಳೆಯ ಹೆಂಚಿನ ಮನೆಗೆ ಜಗಲಿಯನ್ನು ಆಮೇಲೆ ಸೇರಿಸಿದವರು, ಮರದ ಪಟ್ಟಿಯ ಮೇಲಿದ್ದ ಹಳೆಯ ಅಲ್ಯೂಮಿನಿಯಂ ತುಂಡಿಗೆ ಹೊಸ ತಾಮ್ರದ ವೈರನ್ನು ಬರೀ ಹೊಸೆದು ಟೇಪ್ ಸುತ್ತಿದ್ದರು. ಟೇಪ್ ಕರಗಿ ಬೆಲ್ಲದ ಪಾಕದಂತೆ ಇಳಿದಿತ್ತು. ಕೆಳಗೆ ಮಡಚಿಟ್ಟ ಗೋಣಿಚೀಲಗಳ ರಾಶಿ. ಅಲ್ಯೂಮಿನಿಯಂ ಗಾಳಿಗೆ ಸಿಕ್ಕೊಡನೆ ಅದರ ಮೇಲೆ ವಿದ್ಯುತ್ ಹರಿಯಗೊಡದ ತೆಳುವಾದ ಪೊರೆ ಕಟ್ಟುತ್ತದೆ. ಒತ್ತಡದಲ್ಲಿಟ್ಟರೆ ನಿಧಾನವಾಗಿ ಜರುಗಿ ಜಾಯಿಂಟ್ ಸಡಿಲವಾಗುತ್ತದೆ. ತಾಮ್ರದ ಜೊತೆ ಸೇರಿಸಿ ಮಲೆನಾಡಿನ ತೇವದಲ್ಲಿ ಬಿಟ್ಟರೆ ತುಕ್ಕು ಬೇರೆ. ನಮ್ಮ ಕಡೆಯ ಹಳೆಯ ತೋಟದ ಮನೆಗಳ ಅಟ್ಟ ಹತ್ತಿ ನೋಡಿದರೆ ಇಂಥ ಗಂಟುಗಳು ಇನ್ನೂ ಸಿಗುತ್ತವೆ. ಒಂದೆರಡು ಬಲ್ಬ್, ಒಂದು ಫ್ಯಾನಿಗೆ ಅವು ಕಣ್ಣು ಬಿಡುವುದಿಲ್ಲ.

ಕೊನೆಗೆ ಆ ಲೈನನ್ನೇ ಕೈಬಿಟ್ಟೆವು. ಮೀಟರ್ ಬೋರ್ಡಿನಿಂದ ನಡುವೆ ಒಂದೂ ಜಾಯಿಂಟ್ ಇಲ್ಲದೆ 4 ಚದರ ಮಿಲಿಮೀಟರ್ ವೈರ್, ಅದಕ್ಕೇ ಬೇರೆ ಎಂಸಿಬಿ, ಬೇರೆ ಆರ್‌ಸಿಸಿಬಿ, ಮಳೆ ಎರಚಲು ತಾಗದ ಪೆಟ್ಟಿಗೆಯಲ್ಲಿ ಒಳ್ಳೆಯ 16 ಆಂಪಿಯರ್ ಸಾಕೆಟ್. ಗೋಡೆಗೆ ಕೂರಿಸುವ 7 ಕಿಲೋವ್ಯಾಟ್ ಚಾರ್ಜರ್ ಹಾಕುವವರಾದರೆ ಅದು 32 ಆಂಪಿಯರ್ ಎಳೆಯುವುದರಿಂದ 6 ಚದರ ಮಿಲಿಮೀಟರಿಗೆ ಕಡಿಮೆ ಬೇಡ.

ರಿಪೇರಿಯಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಸಾಕೆಟ್ ಹೊಸದು ಹಾಕಿ, ಸುಟ್ಟ ಪಿನ್ನಿನ ಹಳೆಯ ಪ್ಲಗ್ಗನ್ನೇ ಅದಕ್ಕೆ ಚುಚ್ಚುತ್ತಾರೆ. ಕಪ್ಪಾದ ಪಿನ್ನಿನ ಮೇಲ್ಮೈ ಒರಟು, ಅದು ಹೊಸ ಸಾಕೆಟ್ಟನ್ನೂ ಕೆಲವೇ ದಿನಗಳಲ್ಲಿ ಸುಡುತ್ತದೆ. ಮರಳು ಕಾಗದದಿಂದ ಉಜ್ಜಿದರೆ ಹೊಳಪು ಬರಬಹುದು, ಮೇಲಿನ ಲೇಪ ಹೋಗಿರುತ್ತದೆ. ಪ್ಲಗ್ ಕತ್ತರಿಸಿ ಅಂಗಡಿಯದ್ದು ಹಾಕೋಣವೆಂದರೆ ಚಾರ್ಜರಿನ ವಾರಂಟಿಯೂ ಹೋಗುತ್ತದೆ, ಶಾಖದ ಸಂವೇದಕವಿದ್ದರೆ ಅದೂ ಹೋಗುತ್ತದೆ. ಬೆಂಗಳೂರಿನ ಆ ಅತಿಥಿಗೆ ಚಾರ್ಜರನ್ನು ಸರ್ವೀಸ್ ಸೆಂಟರಿಗೆ ಒಯ್ಯಿರಿ ಎಂದಾಗ ಅವರ ಮುಖ ಸಣ್ಣದಾಯಿತು. ವಾಪಸ್ ಊರು ಮುಟ್ಟುವುದಾದರೂ ಹೇಗೆ? ದಾರಿಯಲ್ಲಿ ಫಾಸ್ಟ್ ಚಾರ್ಜರ್ ಇರುವಲ್ಲಿ ನಿಲ್ಲಿಸಿಕೊಂಡು ಹೋದರು.

ಅನುಮಾನವಿರುವ ಮನೆಯಲ್ಲಿ ಒಂದು ರಾತ್ರಿ ಕಳೆಯಲೇಬೇಕಾದರೆ ಆಂಪಿಯರ್ ಇಳಿಸಿ. ಅನೇಕ ಕಾರುಗಳಲ್ಲಿ, ಕೆಲವು ಚಾರ್ಜರುಗಳ ಪೆಟ್ಟಿಗೆಯ ಮೇಲೆಯೇ ಆ ಸೌಲಭ್ಯವಿದೆ. ಹದಿನೈದರಿಂದ ಹತ್ತಕ್ಕೆ ಇಳಿಸಿದರೆ ಜಾಯಿಂಟಿನ ಶಾಖ ಅರ್ಧಕ್ಕಿಂತಲೂ ಕೆಳಗೆ ಬರುತ್ತದೆ, ವರ್ಗದ ಲೆಕ್ಕ ಇಲ್ಲಿ ನಮ್ಮ ಪರ. ಒಂದು ಗಂಟೆ ಬಿಟ್ಟು ಒಣ ಕೈಯ ಹಿಂಬದಿಯನ್ನು ಪ್ಲಗ್ಗಿನ ಪ್ಲಾಸ್ಟಿಕ್ ಮೈಗೆ ತಾಗಿಸಿ ನೋಡಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಐದು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ನಿಲ್ಲಿಸಿ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರನ್ನು ಒಬ್ಬರು ಇದಕ್ಕೆ ತಂದಿದ್ದರು. ಅದು ಜ್ವರಕ್ಕೆ ಮಾಡಿದ್ದು, ನಲವತ್ತರ ಆಚೆ ಸ್ವಲ್ಪ ದಾಟಿದರೆ ಕೈಚೆಲ್ಲುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಯಾವ ಆಂಪಿಯರಿಗೂ ಬೇಡ. ಸುರುಳಿ ಸುತ್ತಿಟ್ಟ ಕೇಬಲ್ಲಂತೂ ತನ್ನ ಶಾಖದಲ್ಲಿ ತಾನೇ ಬೇಯುತ್ತದೆ.

ಮಳೆಗಾಲ ನಮಗೆ ಇನ್ನೊಂದು ಕಾಟ. ಕೊಟ್ಟಿಗೆಹಾರದ ಕಡೆ ಜೂನ್‌ನಿಂದ ತಿಂಗಳುಗಟ್ಟಲೆ ಬಟ್ಟೆ ಒಣಗುವುದಿಲ್ಲ, ಇನ್ನು ಸಾಕೆಟ್ಟಿನ ಹಿತ್ತಾಳೆಗೆ ಕಿಲುಬು ಹಿಡಿಯದೆ ಇರುತ್ತದೆಯೇ? ಉಪಯೋಗಿಸದೆ ಬಿಟ್ಟ ತೂತುಗಳಲ್ಲಿ ಇರುವೆ ಗೂಡು ಕಟ್ಟುತ್ತದೆ, ಕಣಜ ಮಣ್ಣು ಮೆತ್ತುತ್ತದೆ. ಮಳೆಗಾಲ ಮುಗಿದ ಮೇಲೆ ಮೊದಲ ಸಲ ಚಾರ್ಜಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿಸುವುದು ಒಳ್ಳೆಯದು.

ಅರ್ಥಿಂಗ್ ಸರಿಯಿಲ್ಲದಿದ್ದರೆ ಬಹಳಷ್ಟು ಚಾರ್ಜರುಗಳು ಕೆಂಪು ದೀಪ ತೋರಿಸಿ ಚಾರ್ಜ್ ಮಾಡಲು ಒಪ್ಪುವುದಿಲ್ಲ. ಆಗ ಯಾರೋ ಬುದ್ಧಿವಂತರು ಸಾಕೆಟ್ಟಿನಲ್ಲಿ ನ್ಯೂಟ್ರಲನ್ನು ಅರ್ಥ್ ಪಿನ್ನಿಗೆ ಸೇರಿಸಿ ಚಾರ್ಜರನ್ನು ಮೋಸಗೊಳಿಸುತ್ತಾರೆ. ಮುಂದೆ ಎಂದಾದರೂ ಆ ನ್ಯೂಟ್ರಲ್ ಕಡಿದರೆ ಕಾರಿನ ಮೈಗೇ ಕರೆಂಟ್ ಬರುತ್ತದೆ. ಬರಿಗಾಲಲ್ಲಿ ಒದ್ದೆ ಅಂಗಳದಲ್ಲಿ ನಿಂತು ಬಾಗಿಲು ಹಿಡಿದವರ ಗತಿ? ಇಂಥ ಕೆಲಸ ಮಾಡಿಕೊಡಿ ಎಂದು ಕೇಳಿದವರ ಮನೆಯಿಂದ ನಾನು ಕಾಫಿಯನ್ನೂ ಕುಡಿಯದೆ ಎದ್ದು ಬಂದಿದ್ದೇನೆ.

ವಾಸನೆ ಗೋಡೆಯಲ್ಲಿಲ್ಲದೆ ಕಾರಿನ ಕಡೆಯೇ ಇದ್ದರೆ? ಚಾರ್ಜರಿನ ಗನ್ನನ್ನು ಕಾರಿಗೆ ಚುಚ್ಚುವ ಜಾಗದಲ್ಲಿ ಪ್ಲಾಸ್ಟಿಕ್ ಕರಗಿದ್ದರೆ, ಪಿನ್ ಕಪ್ಪಾಗಿದ್ದರೆ ಅದು ಸರ್ವೀಸ್ ಸೆಂಟರಿನ ಕೆಲಸ, ನನ್ನದಲ್ಲ. ಬಾನೆಟ್ಟಿನೊಳಗೆ ಇಲಿ ತಂದಿಟ್ಟ ಹುಲ್ಲು, ಫ್ಯಾನಿನ ಮೇಲಿನ ಧೂಳು ಕಾದರೂ ವಾಸನೆ ಬರುತ್ತದೆ. ಇವೆಲ್ಲ ನಿಧಾನವಾಗಿ ನೋಡುವಂಥವು. ನಿಧಾನಿಸಬಾರದ್ದು ಒಂದೇ. ಕಾರಿನ ಅಡಿಯಿಂದ ಸಿಹಿಸಿಹಿಯಾದ, ಉಗುರುಬಣ್ಣ ತೆಗೆಯುವ ದ್ರವದಂಥ ವಾಸನೆ, ಬಿಳಿ ಹೊಗೆ, ಬುಸ್ಸೆನ್ನುವ ಅಥವಾ ಪಟಪಟ ಸಿಡಿಯುವ ಸದ್ದು ಇದ್ದರೆ ಅದು ಬ್ಯಾಟರಿ. ಇದು ಅಪರೂಪ. ಆದರೆ ಆಗ ಚಾರ್ಜರ್ ಉಳಿಸಲು, ಕಾರು ಪಕ್ಕಕ್ಕಿಡಲು ಹೋಗಬೇಡಿ. ಮನೆಯವರನ್ನು ದೂರ ಕರೆದುಕೊಂಡು ಹೋಗಿ 112ಕ್ಕೆ ಫೋನ್ ಮಾಡಿ, ಇದು ಎಲೆಕ್ಟ್ರಿಕ್ ಕಾರು ಎಂದು ಮೊದಲ ಮಾತಿನಲ್ಲೇ ಹೇಳಿ. ಅದಕ್ಕೆ ನೀರು ಬಹಳ ಬೇಕಾಗುತ್ತದೆ, ಆರಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು.

ಹೋಂಸ್ಟೇ ನಡೆಸುವವರಿಗೆ ಒಂದು ಮಾತು. ವಾರಾಂತ್ಯಕ್ಕೆ ಮುಳ್ಳಯ್ಯನಗಿರಿ ನೋಡಲು ಬರುವವರಲ್ಲಿ ಇಂಥ ಕಾರಿನವರು ಇರುತ್ತಾರೆ, ರಾತ್ರಿ ಎಲ್ಲಿ ಪ್ಲಗ್ ಕಂಡರೆ ಅಲ್ಲಿ ಚುಚ್ಚುತ್ತಾರೆ. ಅವರನ್ನು ಬೈದು ಫಲವಿಲ್ಲ. ಅವರಿಗೆಂದೇ ಒಂದು ಜಾಗ ಮಾಡಿ, ಮಿಕ್ಕ ಪವರ್ ಪ್ಲಗ್ಗುಗಳ ಮೇಲೆ ಚೀಟಿ ಅಂಟಿಸಿ. ಆಲ್ದೂರಿನ ಯಜಮಾನರು ಹಾಗೆಯೇ ಮಾಡಿದ್ದಾರೆ. ಅವರ ಮನೆಯ ಮಂಜೂರಾದ ಲೋಡ್ ಮೂರೇ ಕಿಲೋವ್ಯಾಟ್ ಇತ್ತು, ಕಾರೊಂದೇ ಅಷ್ಟನ್ನೂ ತಿನ್ನುತ್ತದೆ. ಹೆಚ್ಚುವರಿ ಲೋಡಿಗೆ ಮೆಸ್ಕಾಂಗೆ ಅರ್ಜಿ ಬರೆದುಕೊಟ್ಟು ಬಂದಿದ್ದೇನೆ. ಅಟ್ಟದ ಗೋಣಿಚೀಲಗಳನ್ನು ಮಾತ್ರ ಅವರು ಅಂದೇ ಮಧ್ಯಾಹ್ನ ಕೆಳಗಿಳಿಸಿದರು.